ಮೇಷ್ಟರ ಸೊಂಟದಲ್ಲಿ ಪಿಸ್ತೂಲು

ಹಾಸನ ಜಿಲ್ಲೆಯ ಓದುಗರೊಬ್ಬರು ಬರೆಯುತ್ತಾರೆ:

"ನಾನು 31 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಮಗಳು, ಅಳಿಯಂದಿರು ಅಮೆರಿಕದ ಒಹಾಯೊ ರಾಜ್ಯದಲ್ಲಿದ್ದಾರೆ. ಮೊಮ್ಮಗ ಅಲ್ಲಿ ಮೂರನೇ ತರಗತಿ. ಹೋದ ತಿಂಗಳು ಶಾಲೆಯಿಂದ ಪೋಷಕರಿಗೆ ಒಂದು ತಿಳುವಳಿಕೆ ಪತ್ರ ಬಂದಿದೆ. ಇನ್ನು ಮುಂದೆ ಸಿಬ್ಬಂದಿಯಲ್ಲಿ ಕೆಲವರ ಬಳಿ ಬಂದೂಕು ಇರುತ್ತದೆಯಂತೆ. ಯಾರ ಬಳಿ ಎಂದು ಹೇಳಿಲ್ಲ. ಅವರಿಗೆ 24 ಗಂಟೆಗಳ ತರಬೇತಿ ಆಗಿರುತ್ತದಂತೆ. ಮಕ್ಕಳಿಗೆ ಅಕ್ಷರ ಕಲಿಸುವುದಕ್ಕೆ ನನಗೇ ಎರಡು ವರ್ಷ ಟಿ.ಸಿ.ಎಚ್. ಬೇಕಾಯಿತು. ಅಳಿಯಂದಿರು ಇದು ಒಳ್ಳೆಯದೇ ಎನ್ನುತ್ತಾರೆ, ಮಗಳಿಗೆ ನಿದ್ದೆ ಇಲ್ಲ. 24 ಗಂಟೆ ಸಾಕೇ? ಇಬ್ಬರಲ್ಲಿ ಯಾರ ಮಾತು ಸರಿ?"

ಸಂಪಾದಕರ ಉತ್ತರ:

ಮೇಡಂ, ನಮಸ್ಕಾರ. ನಿಮ್ಮ ಪತ್ರ ಎರಡು ವಾರದಿಂದ ನನ್ನ ಮೇಜಿನ ಮೇಲೆಯೇ ಇದೆ. ಓದುಗರ ಪುಟದ ಮೂಲೆಯಲ್ಲಿ ನಾಲ್ಕು ಸಾಲು ಬರೆದು ಮುಗಿಸಲು ಮನಸ್ಸು ಬರಲಿಲ್ಲ. ಕೇಳಿದ್ದಕ್ಕೆ ಮೊದಲು ನೇರ ಉತ್ತರ ಕೊಡುತ್ತೇನೆ: 24 ಗಂಟೆ ಸಾಲದು. ನಿಮ್ಮ ಮಗಳ ದಿಗಿಲಿಗೆ ಕಾರಣವಿದೆ. ಹಾಗೆಂದು ಅಳಿಯಂದಿರ ಮಾತನ್ನು ತಳ್ಳಿಹಾಕುವುದೂ ಸರಿಯಲ್ಲ. ಅವರ ಮಾತಿಗೆ ಆಮೇಲೆ ಬರುತ್ತೇನೆ.

ಈ 24 ಎಂಬ ಅಂಕಿ ಎಲ್ಲಿಂದ ಬಂತು ಎನ್ನುವುದು ನಿಮ್ಮ ಮಗಳಿಗೆ ಗೊತ್ತಿರಬೇಕು. ಒಹಾಯೊದ ಬಟ್ಲರ್ ಕೌಂಟಿಯಲ್ಲಿ ಮ್ಯಾಡಿಸನ್ ಎಂಬ ಶಾಲೆಯಿದೆ. 2016ರ ಫೆಬ್ರವರಿ 29ರಂದು ಅಲ್ಲಿಯ ಊಟದ ಹಾಲ್‌ನಲ್ಲಿ 14 ವರ್ಷದ ವಿದ್ಯಾರ್ಥಿಯೊಬ್ಬ ಗುಂಡು ಹಾರಿಸಿದ. ಸಹಪಾಠಿಗಳಿಗೆ ಗಾಯವಾಯಿತು, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಎರಡು ವರ್ಷದ ನಂತರ ಶಾಲಾ ಮಂಡಳಿಯು ಸಿಬ್ಬಂದಿಗೆ ಬಂದೂಕು ಒಯ್ಯಲು ಅನುಮತಿ ಕೊಟ್ಟಿತು. ಮೂರು ದಿನದ ಒಂದು ಶಿಬಿರವೇ ಅವರ ತರಬೇತಿ. ಕೆಲವು ಪೋಷಕರು ನ್ಯಾಯಾಲಯಕ್ಕೆ ಹೋದರು. ಶಾಲೆಯಲ್ಲಿ ಆಯುಧ ಹಿಡಿದು ಕೆಲಸ ಮಾಡುವವರು ಪೊಲೀಸರ ಮೂಲ ತರಬೇತಿ ಪಡೆದಿರಬೇಕು, ಇಲ್ಲವೇ 20 ವರ್ಷ ಆ ಸೇವೆಯಲ್ಲಿದ್ದಿರಬೇಕು ಎಂದು ರಾಜ್ಯದ ಕಾನೂನು ಹೇಳುತ್ತಿತ್ತು. ಆ ಮೂಲ ತರಬೇತಿ 700 ಗಂಟೆಗೂ ಮೇಲೆ. 2021ರ ಜೂನ್‌ನಲ್ಲಿ ಒಹಾಯೊ ಸುಪ್ರೀಂ ಕೋರ್ಟ್ ಪೋಷಕರ ಪರವಾಗಿ ತೀರ್ಪು ಕೊಟ್ಟಿತು. ನಾಲ್ಕು ನ್ಯಾಯಮೂರ್ತಿಗಳು ಆ ಕಡೆ, ಮೂವರು ಈ ಕಡೆ.

ಒಂದು ವರ್ಷ ತುಂಬುವುದರೊಳಗೆ ಶಾಸನಸಭೆ ಕಾನೂನನ್ನೇ ಬದಲಾಯಿಸಿತು. 2022ರ ಮೇ 24ರಂದು ಟೆಕ್ಸಾಸಿನ ಉವಾಲ್ಡೆಯ ಶಾಲೆಯೊಂದಕ್ಕೆ ನುಗ್ಗಿದ ಹಂತಕನ ಗುಂಡಿಗೆ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತಿದ್ದರು. ಜೂನ್ 13ರಂದು ಒಹಾಯೊದ ಗವರ್ನರ್ ಮೈಕ್ ಡಿವೈನ್ ಹೊಸ ಕಾನೂನಿಗೆ ಸಹಿ ಹಾಕಿದರು. ಇದರಲ್ಲಿ ನೀವು ಗಮನಿಸಬೇಕಾದ ಒಂದು ಮಾತಿದೆ. 24 ಗಂಟೆ ಎನ್ನುವುದು ಕನಿಷ್ಠ ಮಿತಿಯಲ್ಲ, ಗರಿಷ್ಠ ಮಿತಿ. ರಾಜ್ಯವು ಅದಕ್ಕಿಂತ ಹೆಚ್ಚು ಕಡ್ಡಾಯ ಮಾಡುವಂತಿಲ್ಲ. ಪ್ರತಿವರ್ಷದ ಮರುತರಬೇತಿಗೆ 8 ಗಂಟೆಯೇ ಗರಿಷ್ಠ. ಬೇಕಾದರೆ ಆಯಾ ಶಾಲಾ ಮಂಡಳಿ ಹೆಚ್ಚಿಸಿಕೊಳ್ಳಬಹುದು. ಶಿಕ್ಷಕರ ಸಂಘಗಳು ಮಾತ್ರವಲ್ಲ, ಒಹಾಯೊದ ಪೊಲೀಸರ ಸಂಘವೂ ಇದನ್ನು ವಿರೋಧಿಸಿತ್ತು. ಸುರಕ್ಷತೆಯ ಕಾನೂನು ಎಂದರೆ "ಇಷ್ಟಕ್ಕಿಂತ ಕಡಿಮೆ ಆಗಕೂಡದು" ಎಂದಿರುತ್ತದೆ ಎಂದು ನಂಬಿದವನು ನಾನು. "ಇಷ್ಟಕ್ಕಿಂತ ಹೆಚ್ಚು ಕೇಳಬಾರದು" ಎಂಬುದನ್ನು ಓದಿದಾಗ ಸಿಟ್ಟು ಬಂತು, ಇನ್ನೂ ಇಳಿದಿಲ್ಲ.

ಬೇರೆ ರಾಜ್ಯಗಳನ್ನು ನೋಡಿ. 2018ರಲ್ಲಿ ಪಾರ್ಕ್‌ಲ್ಯಾಂಡ್‌ನ ಶಾಲೆಯಲ್ಲಿ 17 ಜನ ಸತ್ತ ಮೇಲೆ ಫ್ಲಾರಿಡಾ 144 ಗಂಟೆಯ ತರಬೇತಿ, ಮಾನಸಿಕ ಪರೀಕ್ಷೆ, ಗುರಿಯಲ್ಲಿ ನೂರಕ್ಕೆ 85 ಅಂಕ ಎಂದು ನಿಗದಿ ಮಾಡಿತು. ಟೆಕ್ಸಾಸಿನಲ್ಲಿ 'ಸ್ಕೂಲ್ ಮಾರ್ಷಲ್' ಎಂದು ಕರೆಯುವ ಬಂದೂಕುಧಾರಿ ಶಾಲಾ ಸಿಬ್ಬಂದಿಗೆ 80 ಗಂಟೆ. ಸೌತ್ ಡಕೋಟದಲ್ಲೂ 80. ಟೆನೆಸ್ಸಿಯ 2024ರ ಕಾನೂನಿನಲ್ಲಿ ವರ್ಷಕ್ಕೆ 40. ಆದರೆ ಅಲ್ಲಿ ಪೋಷಕರಿಗೆ ಸುದ್ದಿಯನ್ನೇ ಹೇಳುವುದಿಲ್ಲ. ನಿಮ್ಮ ಮಗಳ ಕೈಗೆ ಒಂದು ಪತ್ರವಾದರೂ ಬಂತು, ಏಕೆಂದರೆ ತಿಳಿಸಲೇಬೇಕೆಂದು ಒಹಾಯೊದ ಕಾನೂನಿನಲ್ಲಿದೆ. ಗುಂಡಿನ ವೇಗ ಎಲ್ಲ ರಾಜ್ಯದಲ್ಲೂ ಒಂದೇ ಆಗಿರುವಾಗ ಒಂದು ಕಡೆ 24, ಇನ್ನೊಂದು ಕಡೆ 144 ಎಂದರೆ, ಎಷ್ಟು ಬೇಕು ಎಂಬುದನ್ನು ಯಾರೂ ಅಳೆದು ನೋಡಿಲ್ಲ ಎಂದೇ ನಾನು ತಿಳಿಯುತ್ತೇನೆ.

ಆ 24 ಗಂಟೆಯಲ್ಲಿ ಏನು ಕಲಿಸುತ್ತಾರೆ? ಪಿಸ್ತೂಲಿನ ಬಳಕೆ, ಗುಂಡು ಹಾರಿಸುವ ಅಭ್ಯಾಸ, ಎದುರಾಳಿಯನ್ನು ಮಾತಿನಿಂದ ತಣಿಸುವುದು, ಪ್ರಥಮ ಚಿಕಿತ್ಸೆ. ಜೊತೆಗೆ ದಾಳಿ ನಡೆದಂತೆ ನಟಿಸಿ ಮಾಡುವ ಅಭ್ಯಾಸ ಕನಿಷ್ಠ ನಾಲ್ಕು ಗಂಟೆ. ರಕ್ತಸ್ರಾವ ನಿಲ್ಲಿಸುವ ಪಟ್ಟಿ ಕಟ್ಟಲು ಕಲಿಸುವುದು ನನಗೆ ಮೆಚ್ಚುಗೆಯಾಯಿತು. ಅದನ್ನು ಬಂದೂಕಿಲ್ಲದ ಶಿಕ್ಷಕರಿಗೂ ಕಲಿಸಲಿ, ನಮ್ಮ ಊರುಗಳಲ್ಲೂ ಕಲಿಸಲಿ.

ತರಬೇತಿಯ ವಿಷಯದಲ್ಲಿ ನಾನು ಕಣ್ಣಾರೆ ಕಂಡದ್ದೊಂದಿದೆ. ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಲ್ಲಿದ್ದೆ. ವಾರಗಟ್ಟಲೆ ಪೆರೇಡು, ರೈಫಲ್ ಬಿಚ್ಚಿ ಜೋಡಿಸುವುದು, ನಳಿಗೆ ಯಾವಾಗಲೂ ಗುರಿಯ ಕಡೆಗೇ ಇರಬೇಕು ಎಂದು ನೂರು ಸಲ ಹೇಳಿಸಿಕೊಳ್ಳುವುದು. ಇಷ್ಟೆಲ್ಲ ಆದ ಮೇಲೆ ಒಂದು ಬೆಳಿಗ್ಗೆ ಫೈರಿಂಗ್ ರೇಂಜಿಗೆ ಕರೆದುಕೊಂಡು ಹೋದರು. ಪಾಯಿಂಟ್ 22 ರೈಫಲ್, ಒಬ್ಬೊಬ್ಬರಿಗೆ ಐದು ಗುಂಡು. ನೆಲದ ಮೇಲೆ ಬೋರಲು ಮಲಗಿ, 25 ಗಜ ದೂರದ ಕಾಗದಕ್ಕೆ ಗುರಿ. ನನ್ನ ಪಕ್ಕದವನ ಮೂರನೇ ಗುಂಡು ಹಾರಲಿಲ್ಲ. ಅವನು ಟ್ರಿಗರ್ ಒತ್ತಿದ, ಇನ್ನೊಮ್ಮೆ ಒತ್ತಿದ, ಆಮೇಲೆ ಮೊಣಕೈ ಊರಿ ರೈಫಲ್ ಸಮೇತ ಹಿಂದಕ್ಕೆ ತಿರುಗಿ "ಸರ್, ಗುಂಡು ಹಾರುತ್ತಿಲ್ಲ" ಎಂದ. ಅವನ ಹಿಂದೆ ಹುಲ್ಲಿನ ಮೇಲೆ ಸರದಿಗಾಗಿ ಕಾಯುತ್ತಾ ಹನ್ನೆರಡು ಹುಡುಗರು ಕೂತಿದ್ದರು. ತರಬೇತಿ ಕೊಡುತ್ತಿದ್ದ ನಮ್ಮ ಉಸ್ತಾದ್ ಕೂಗಲಿಲ್ಲ. ಮೈಯನ್ನೇ ಎಸೆದಂತೆ ಬಿದ್ದು ನಳಿಗೆಯನ್ನು ಮಣ್ಣಿಗೆ ಒತ್ತಿ ಹಿಡಿದರು. ಬೋಲ್ಟ್ ಎಳೆದಾಗ ಜೀವಂತ ಗುಂಡು ಹೊರಗೆ ಬಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಹನ್ನೆರಡು ಹುಡುಗರ ಮುಂದೆಯೂ ನಡೆದು ಒಬ್ಬೊಬ್ಬರಿಗೂ ತೋರಿಸಿದರು. ಆ ಹುಡುಗ ನಮ್ಮಲ್ಲೇ ಜಾಣ. ನಿಯಮ ಅವನಿಗೆ ಬಾಯಿಪಾಠ ಬರುತ್ತಿತ್ತು. ಅನಿರೀಕ್ಷಿತವಾದದ್ದು ಎದುರಾದಾಗ ಬಾಯಿಪಾಠ ಕೈಗೆ ಇಳಿದಿರಲಿಲ್ಲ. ಅಲ್ಲಿ ಶತ್ರುವೂ ಇರಲಿಲ್ಲ, ಚೀರಾಟವೂ ಇರಲಿಲ್ಲ. ಇದ್ದದ್ದು ಒಂದು ಕಾಗದ.

ಎದುರಿನಿಂದಲೂ ಗುಂಡು ಬರುತ್ತಿದ್ದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕ್ ನಗರದ ಪೊಲೀಸರ ಲೆಕ್ಕವೇ ಇದೆ. 1998ರಿಂದ 2006ರವರೆಗಿನ ದಾಖಲೆಗಳನ್ನು ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಪರಿಶೀಲಿಸಿತು. ಗುಂಡಿನ ಚಕಮಕಿಯಲ್ಲಿ ಪೊಲೀಸರು ಹಾರಿಸಿದ ಗುಂಡುಗಳಲ್ಲಿ ನೂರಕ್ಕೆ 18 ಮಾತ್ರ ಗುರಿ ಮುಟ್ಟಿದ್ದವು. ಇವರು ಅದೇ ಕೆಲಸಕ್ಕೆ ತಿಂಗಳುಗಟ್ಟಲೆ ಪಳಗಿದವರು. ಉಳಿದ 82 ಗುಂಡುಗಳೂ ಎಲ್ಲೋ ಹೋಗಿ ಬಿದ್ದಿವೆ. ಶಾಲೆಯ ಓಣಿಯಲ್ಲಿ, ಮಕ್ಕಳು ದಿಕ್ಕುಗೆಟ್ಟು ಓಡುವಾಗ, ಆ "ಎಲ್ಲೋ" ಎಂಬುದು ಎಲ್ಲಿ ಎಂದು ಯೋಚಿಸಲೂ ಭಯವಾಗುತ್ತದೆ.

ಈಗ ಅಳಿಯಂದಿರ ಮಾತು. ಅವರ ಮನಸ್ಸಿನಲ್ಲಿರುವುದು ಬಹುಶಃ ಉವಾಲ್ಡೆ. ಅಲ್ಲಿಗೆ ಬಂದ ಭದ್ರತಾ ಸಿಬ್ಬಂದಿ 376 ಮಂದಿ. ಹಂತಕನಿದ್ದ ಕೋಣೆಗೆ ನುಗ್ಗಲು ಅವರು ತೆಗೆದುಕೊಂಡದ್ದು 77 ನಿಮಿಷ. ಪಾರ್ಕ್‌ಲ್ಯಾಂಡ್‌ನಲ್ಲೂ ಆಯುಧವಿದ್ದ ಅಧಿಕಾರಿ ಕಟ್ಟಡದ ಹೊರಗೇ ಉಳಿದರು. ಹೊರಗಿನವರು ಬರುವವರೆಗೆ ಮಕ್ಕಳ ಜೊತೆ ಇರುವವರು ಶಿಕ್ಷಕರು ತಾನೆ, ಅವರ ಕೈ ಬರಿದಾಗಿರಬೇಕೇ ಎಂದು ಒಬ್ಬ ತಂದೆ ಕೇಳಿದರೆ ನನ್ನ ಬಳಿ ಸಿದ್ಧ ಉತ್ತರವಿಲ್ಲ. ಪಾಕಿಸ್ತಾನದ ಚಾರ್ಸದ್ದಾದ ಬಾಚಾ ಖಾನ್ ವಿಶ್ವವಿದ್ಯಾಲಯದ ಮೇಲೆ 2016ರ ಜನವರಿಯಲ್ಲಿ ದಾಳಿಯಾದಾಗ ಸೈಯದ್ ಹಮೀದ್ ಹುಸೇನ್ ಎಂಬ ರಸಾಯನಶಾಸ್ತ್ರದ ಮೇಷ್ಟರು ತಮ್ಮ ಪಿಸ್ತೂಲಿನಿಂದ ದಾಳಿಕೋರರ ಮೇಲೆ ಗುಂಡು ಹಾರಿಸಿ, ವಿದ್ಯಾರ್ಥಿಗಳಿಗೆ ತಪ್ಪಿಸಿಕೊಳ್ಳಲು ಸಮಯ ಕೊಟ್ಟು, ತಾವು ಸತ್ತರು. ಅವರನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಅದೇ ಪ್ರಾಂತ್ಯದಲ್ಲಿ, ಪೇಶಾವರದ ಶಾಲೆಯ ಹತ್ಯಾಕಾಂಡದ ನಂತರ ಶಿಕ್ಷಕರಿಗೆ ಬಂದೂಕು ಒಯ್ಯಲು ಬಿಟ್ಟಿದ್ದರು. 2015ರಲ್ಲಿ ಸ್ವಾತ್ ಕಣಿವೆಯ ಒಂದು ಶಾಲೆಯಲ್ಲಿ ಶಿಕ್ಷಕರ ಬಂದೂಕು ಆಕಸ್ಮಿಕವಾಗಿ ಸಿಡಿದು 12 ವರ್ಷದ ಹುಡುಗ ಸತ್ತ. ಈ ಎರಡನ್ನೂ ಎದುರಿಗಿಟ್ಟುಕೊಂಡೇ ನಾನು ಬರೆಯುತ್ತಿದ್ದೇನೆ.

ನನ್ನ ಮನಸ್ಸು ಕೊನೆಗೆ ವಾಲುವುದು ದಾಳಿಯ ದಿನದ ಕಡೆಗಲ್ಲ, ದಾಳಿಯಿಲ್ಲದ ದಿನಗಳ ಕಡೆಗೆ. ನಿಮ್ಮ ಮೊಮ್ಮಗನ ಶಾಲೆಗೆ ಹಂತಕ ಬರುವ ಸಾಧ್ಯತೆ ತೀರಾ ಕಡಿಮೆ, ದೇವರ ದಯೆ. ಆದರೆ ಪಿಸ್ತೂಲು ಮಾತ್ರ ಶಾಲೆ ನಡೆಯುವ ಪ್ರತಿದಿನವೂ ಮಕ್ಕಳ ನಡುವೆ ಓಡಾಡುತ್ತದೆ. ಪುಟ್ಟ ಮಕ್ಕಳ ತರಗತಿ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕೇ? ಮಗು ಅಳುತ್ತಾ ಬಂದು ಸೊಂಟವನ್ನೇ ತಬ್ಬಿಕೊಳ್ಳುತ್ತದೆ. ನೀವು ಶೂ ಲೇಸ್ ಕಟ್ಟಲು ಬಗ್ಗುತ್ತೀರಿ, ಇನ್ನೊಂದು ಮಗು ಬೆನ್ನಿಗೆ ಜೋತು ಬೀಳುತ್ತದೆ. ಹೊಡೆದಾಡುವ ಇಬ್ಬರು ಹುಡುಗರ ನಡುವೆ ನುಗ್ಗಿ ಬಿಡಿಸುತ್ತೀರಿ. ಪೊಲೀಸರು ಸದಾ ಜನರಿಂದ ಒಂದು ತೋಳಿನಷ್ಟು ದೂರ ಕಾಯ್ದುಕೊಂಡು, ಆಯುಧವಿರುವ ಮಗ್ಗುಲನ್ನು ಹಿಂದಕ್ಕಿಟ್ಟು ನಿಲ್ಲುವುದನ್ನು ಕಲಿಯುತ್ತಾರೆ. ಶಿಕ್ಷಕಿ ಹಾಗೆ ನಿಂತರೆ ಅವಳು ಶಿಕ್ಷಕಿಯಾಗಿ ಉಳಿಯುವುದು ಹೇಗೆ?

ಇದು ಬರಿಯ ಊಹೆಯಲ್ಲ. 2014ರಲ್ಲಿ ಯೂಟಾ ರಾಜ್ಯದ ಶಿಕ್ಷಕಿಯೊಬ್ಬರ ಪಿಸ್ತೂಲು ಶಾಲೆಯ ಶೌಚಾಲಯದಲ್ಲಿ ಸಿಡಿದು ಪಿಂಗಾಣಿಯ ಚೂರುಗಳು ಅವರ ಕಾಲಿಗೇ ಹೊಕ್ಕವು. 2018ರಲ್ಲಿ ಕ್ಯಾಲಿಫೋರ್ನಿಯಾದ ಸೀಸೈಡ್‌ನಲ್ಲಿ ಬಂದೂಕಿನ ಸುರಕ್ಷತೆಯ ಪಾಠ ಮಾಡುತ್ತಿದ್ದ ಶಿಕ್ಷಕರೊಬ್ಬರ ಗುಂಡು ಚಾವಣಿಗೆ ಹಾರಿ ವಿದ್ಯಾರ್ಥಿಗೆ ಗಾಯವಾಯಿತು. ಅವರು ಮೀಸಲು ಪೊಲೀಸ್ ಅಧಿಕಾರಿಯೂ ಆಗಿದ್ದರು. 2023ರಲ್ಲಿ ಟೆಕ್ಸಾಸಿನ ರೈಸಿಂಗ್ ಸ್ಟಾರ್ ಎಂಬ ಸಣ್ಣ ಊರಿನಲ್ಲಿ ಶಾಲೆಯ ಮುಖ್ಯಾಧಿಕಾರಿಯೊಬ್ಬರು ಶೌಚಾಲಯದಲ್ಲಿ ಮರೆತ ಪಿಸ್ತೂಲು ಮೂರನೇ ತರಗತಿಯ ಮಗುವಿನ ಕಣ್ಣಿಗೆ ಬಿತ್ತು. ಮೂರನೇ ತರಗತಿ, ಮೇಡಂ. ನಿಮ್ಮ ಮೊಮ್ಮಗನ ವಯಸ್ಸು.

ಇದು ಬಂದೂಕನ್ನು ಕಂಡರಾಗದವನ ಮಾತು ಎಂದು ಕೊಡಗಿನ ಓದುಗರು ತಿಳಿಯಬಾರದು. ಕೊಡವರ ಆಯುಧಪೂಜೆಯಾದ ಕೈಲ್ ಪೊಳ್ದ್ ಹಬ್ಬದಲ್ಲಿ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಕೋವಿಯನ್ನು ಪೂಜೆಗಿಡುವ ಮನೆಯಲ್ಲಿ ನಾನು ಉಂಡಿದ್ದೇನೆ. ಹಿರಿಯರೊಬ್ಬರು ಕೋವಿಯನ್ನು ಮೊಮ್ಮಗನ ಕೈಗೆ ಕೊಡುವ ಮುನ್ನ ನಳಿಗೆಯನ್ನು ಮಡಚಿ ತೆರೆದು, ಬೆಳಕಿಗೆ ಹಿಡಿದು, ಒಳಗೆ ಖಾಲಿಯಿದೆಯೇ ಎಂದು ನೋಡಿದರು. ಮೊಮ್ಮಗ ಈಸಿಕೊಂಡು ತಾನೂ ಹಾಗೆಯೇ ನೋಡಿದ. ಆ ಅಭ್ಯಾಸ ಬರಲು ಅವನಿಗೆ ಎಷ್ಟು ವರ್ಷ ಹಿಡಿದಿತ್ತೋ.

ಈಗ ಮಗಳು ಏನು ಮಾಡಬಹುದು? ಯಾರ ಬಳಿ ಬಂದೂಕಿದೆ ಎಂದು ಶಾಲೆ ಹೇಳದಿರಬಹುದು. ಆದರೆ ಕೇಳಲು ಬೇರೆ ಪ್ರಶ್ನೆಗಳಿವೆ, ಮಂಡಳಿಯ ಸಭೆಯಲ್ಲಿ ಎದ್ದು ನಿಂತು ಕೇಳಲಿ. ಮಂಡಳಿಯು 24 ಗಂಟೆಗೇ ನಿಲ್ಲಿಸಿದೆಯೇ, ತನ್ನ ಅಧಿಕಾರ ಬಳಸಿ ಹೆಚ್ಚಿಸಿದೆಯೇ? ಬಂದೂಕು ಮೈಮೇಲೆ ಇರುತ್ತದೆಯೇ, ಬೀಗ ಹಾಕಿದ ಪೆಟ್ಟಿಗೆಯಲ್ಲೇ? ಮೈಮೇಲಿದ್ದರೆ ಶೌಚಾಲಯಕ್ಕೆ ಹೋಗುವಾಗ, ಆಟದ ಮೈದಾನದಲ್ಲಿ, ನಿಯಮ ಏನು? ಗುರಿಯ ಪರೀಕ್ಷೆಯಲ್ಲಿ ಅನುತ್ತೀರ್ಣರಾದವರ ಬಂದೂಕನ್ನು ಅದೇ ದಿನ ಹಿಂದಕ್ಕೆ ಪಡೆಯುತ್ತಾರೆಯೇ? ಪೊಲೀಸರು ಬಂದಾಗ ಬಂದೂಕು ಹಿಡಿದು ನಿಂತವರು ಶಿಕ್ಷಕರು ಎಂದು ಗುರುತಿಸುವುದು ಹೇಗೆ? ಈ ಕೊನೆಯ ಪ್ರಶ್ನೆಯನ್ನು ಬಿಡಬಾರದು. 2021ರಲ್ಲಿ ಕೊಲೊರಾಡೊದ ಆರ್ವಾಡಾದಲ್ಲಿ ಹಂತಕನನ್ನು ಹೊಡೆದುರುಳಿಸಿದ ಸಾಮಾನ್ಯ ನಾಗರಿಕನೊಬ್ಬನನ್ನು, ಕೈಯಲ್ಲಿ ರೈಫಲ್ ಕಂಡು ಅವನೇ ಹಂತಕನೆಂದು ತಿಳಿದು ಪೊಲೀಸರು ಗುಂಡಿಕ್ಕಿ ಕೊಂದರು.

ಇನ್ನೊಂದು ಕೆಲಸವಿದೆ. ಅದು ಅಜ್ಜಿಯಾಗಿ ನೀವೇ ಹೇಳಿಸಬಹುದಾದದ್ದು, ಮಗಳೂ ಅಳಿಯಂದಿರೂ ಜಗಳವಿಲ್ಲದೆ ಒಪ್ಪುವಂಥದ್ದು. ಶಾಲೆಗಳ ಮೇಲಿನ 41 ದಾಳಿಗಳನ್ನು ಅಮೆರಿಕದ ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್ ಸಂಸ್ಥೆ ಅಧ್ಯಯನ ಮಾಡಿ 2019ರಲ್ಲಿ ವರದಿ ಕೊಟ್ಟಿತು. ಬಂದೂಕು ಬಳಸಿದ ದಾಳಿಕೋರರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಅದು ಸಿಕ್ಕಿದ್ದು ಹೆತ್ತವರ ಅಥವಾ ಹತ್ತಿರದ ನೆಂಟರ ಮನೆಯಲ್ಲಿ. ಮಿಷಿಗನ್‌ನ ಆಕ್ಸ್‌ಫರ್ಡ್ ಶಾಲೆಯಲ್ಲಿ 2021ರಲ್ಲಿ ನಾಲ್ವರನ್ನು ಕೊಂದ ಹುಡುಗನ ತಂದೆ ತಾಯಿಗೂ 2024ರಲ್ಲಿ ಜೈಲು ಶಿಕ್ಷೆಯಾಯಿತು. ಬೀಗವಿಲ್ಲದ ಬಂದೂಕು ಇರುವ ಮನೆಗೆ ನಿಮ್ಮ ಮೊಮ್ಮಗ ಆಡಲು ಹೋಗುತ್ತಿರಬಹುದು. ಅಲ್ಲಿ ಯಾರಿಗೂ 24 ಗಂಟೆಯ ತರಬೇತಿಯೂ ಆಗಿರಬೇಕಾಗಿಲ್ಲ.

ಆದ್ದರಿಂದ ಈ ಭಾನುವಾರ ಮಗಳು ಫೋನ್ ಮಾಡಿದಾಗ, ಹುಡುಗ ಯಾರ ಯಾರ ಮನೆಗೆ ಆಡಲು ಹೋಗುತ್ತಾನೆ ಎಂದು ಕೇಳಿ. ಕಡಲೆಕಾಯಿ ತಿಂದರೆ ನಮ್ಮ ಮಗನಿಗೆ ಅಲರ್ಜಿ ಎಂದು ಅಲ್ಲಿಯ ತಾಯಂದಿರು ಮೊದಲೇ ತಿಳಿಸುತ್ತಾರಲ್ಲ, ಅಷ್ಟೇ ಸಹಜವಾಗಿ ಆ ಮನೆಯವರನ್ನು ಕೇಳಲಿ: ನಿಮ್ಮಲ್ಲಿ ಬಂದೂಕು ಇದೆಯೇ, ಇದ್ದರೆ ಬೀಗದೊಳಗಿದೆಯೇ, ಬೀಗದ ಕೈ ಯಾರ ಬಳಿ? ಅವರು ಏನೆಂದರು ಎಂದು ನನಗೂ ಒಂದು ಸಾಲು ಬರೆಯಿರಿ.

– ಸಂ.