ಮಕ್ಕಳ ಸಂತೆಯೂ ಅರ್ಥಶಾಸ್ತ್ರದ ಪಾಠವೂ: ಶಿಕ್ಷಕಿಯೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಪ್ರೌಢಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆಯನ್ನು ಮೆಚ್ಚಿ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ತಾವು ಹೆಸರನ್ನು ಪ್ರಕಟಿಸಬಾರದೆಂದು ಕೋರಿದ್ದೀರಿ, ಹಾಗೆಯೇ ನಡೆದುಕೊಂಡಿದ್ದೇವೆ. ಪತ್ರವನ್ನು ನೋಡದ ಓದುಗರಿಗಾಗಿ ಅದರ ಸಾರವನ್ನು ಇಲ್ಲಿ ಹೇಳಬೇಕು. ಸಂತೆಯ ದಿನ ತಾಯಂದಿರು ಮಾಡಿಕೊಟ್ಟ ತಿಂಡಿಯನ್ನು ತಂದೆಯಂದಿರೇ ಕೊಂಡು ಹೋಗುತ್ತಾರೆ, ಮಕ್ಕಳು ನಡುವೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ ಎಂಬುದು ತಮ್ಮ ಮೊದಲ ದೂರು. ಯೋಜನಾ ಕಾರ್ಯವೆಂದರೆ ಕಂಪ್ಯೂಟರ್ ಅಂಗಡಿಯಲ್ಲಿ ಮುದ್ರಿಸಿದ ಚಿತ್ರಗಳನ್ನು ಹಾಳೆಗೆ ಅಂಟಿಸುವುದಾಗಿದೆ ಎಂಬುದು ಎರಡನೆಯದು. ‘ನಿಮ್ಮ ಕುಟುಂಬದ ಒಂದು ತಿಂಗಳ ಆಯವ್ಯಯ ಬರೆದು ತನ್ನಿ’ ಎಂದಾಗ, ತಂದೆಯ ಸಾಲವನ್ನು ಬರೆಯಬೇಕೋ ಬಿಡಬೇಕೋ ತಿಳಿಯದೆ ಹುಡುಗನೊಬ್ಬ ಮೂರು ದಿನ ಶಾಲೆಗೇ ಬರಲಿಲ್ಲವೆಂದು ತಾವು ತಿಳಿಸಿದ ಸಂಗತಿ ನಮ್ಮನ್ನು ಬಹಳ ಕಾಡಿತು. ಇಷ್ಟಾದ ಮೇಲೆ, ಆರು ವಿಭಾಗಗಳ ದಪ್ಪ ಪುಸ್ತಕವನ್ನು ಮುಗಿಸಬೇಕಾದ ಶಿಕ್ಷಕರು ಅರ್ಥಶಾಸ್ತ್ರವನ್ನು ಪಾಠವಾಗಿಯೇ ಓದಿಸಿ ಮುಂದೆ ಹೋದರೆ ತಪ್ಪೇನು ಎಂದು ಕೇಳಿದ್ದೀರಿ.

ಸಂತೆಯ ಬಗ್ಗೆ ತಾವು ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇವೆ. ಆದರೆ ಅಲ್ಲಿಂದ ತಾವು ತಲುಪಿದ ತೀರ್ಮಾನವನ್ನು ಒಪ್ಪಲಾರೆವು. ಕೊಡುವುದು ಕೊಳ್ಳುವುದು ಹಳ್ಳಿಯ ಮಕ್ಕಳಿಗೆ ಹೊಸತಲ್ಲ. ಅವರಲ್ಲಿ ಅನೇಕರು ವಾರದ ಸಂತೆಯಲ್ಲಿ ತಂದೆತಾಯಿಯ ಪಕ್ಕ ಕುಳಿತು ತಕ್ಕಡಿ ಹಿಡಿದವರೇ. ಶಾಲೆಯ ಅಂಗಳದಲ್ಲಿ ಅದನ್ನೇ ಇನ್ನೊಮ್ಮೆ ಮಾಡಿಸಿದ ಮಾತ್ರಕ್ಕೆ ಅವರು ಹೆಚ್ಚೇನೂ ಕಲಿಯುವುದಿಲ್ಲ. ಅವರಿಗೆ ಹೊಸತಾಗಿರುವುದು ಆ ವ್ಯಾಪಾರವನ್ನು ಬರೆದಿಡುವುದು, ಬರೆದದ್ದನ್ನು ಮರುದಿನ ತೆರೆದು ‘ಹೀಗೇಕಾಯಿತು’ ಎಂದು ಕೇಳುವುದು. ನಮ್ಮ ಶಾಲೆಗಳಲ್ಲಿ ಸಂತೆಗೆ ಒಂದು ಪೂರ್ತಿ ದಿನ ಸಿಗುತ್ತದೆ, ಆ ಲೆಕ್ಕಕ್ಕೆ ಒಂದು ಅವಧಿಯೂ ಸಿಗುವುದಿಲ್ಲ. ತಾವು ಕಂಡ ದೋಷದ ಮೂಲ ಇಲ್ಲಿದೆ ಎಂಬುದು ನಮ್ಮ ನಂಬಿಕೆ.

ಒಂದು ಕಾಲ್ಪನಿಕ ಲೆಕ್ಕವನ್ನು ತೆಗೆದುಕೊಳ್ಳೋಣ. ಇಬ್ಬರು ಹುಡುಗಿಯರು ಗಿರ್ಮಿಟ್ ಮಾರುತ್ತಾರೆ. ಮಂಡಕ್ಕಿ, ಉಳ್ಳಾಗಡ್ಡಿ, ಪುಟಾಣಿ ಹಿಟ್ಟು, ಹುಣಸೆ, ಬೆಲ್ಲ, ಎಣ್ಣೆ ಎಲ್ಲ ಸೇರಿ 260 ರೂಪಾಯಿ ಖರ್ಚಾಗಿ ಮೂವತ್ತು ತಟ್ಟೆಯಷ್ಟು ಆಗುತ್ತದೆ. ಮೊದಲ ಇಪ್ಪತ್ತು ತಟ್ಟೆ 15 ರೂಪಾಯಿಯಂತೆ ಹೋಗುತ್ತವೆ. ಆಮೇಲೆ ಯಾರೂ ಬರುವುದಿಲ್ಲ, ಕಲಸಿಟ್ಟ ಮಂಡಕ್ಕಿ ಮೆತ್ತಗಾಗತೊಡಗುತ್ತದೆ. ಬೆಲೆಯನ್ನು 10 ರೂಪಾಯಿಗೆ ಇಳಿಸಿದಾಗ ಉಳಿದ ಹತ್ತೂ ಖರ್ಚಾಗುತ್ತವೆ. ಒಟ್ಟು ಬಂದದ್ದು 400 ರೂಪಾಯಿ, ಉಳಿದದ್ದು 140. ಹೆಚ್ಚಿನ ಶಾಲೆಗಳಲ್ಲಿ ಇಲ್ಲಿಗೆ ಚಪ್ಪಾಳೆ ತಟ್ಟಿ ಮುಗಿಸುತ್ತಾರೆ. ಆದರೆ ಶಿಕ್ಷಕರು ಕೇಳಬೇಕಾದ ಪ್ರಶ್ನೆಗಳು ಇನ್ನು ಮೇಲಷ್ಟೇ ಶುರುವಾಗುತ್ತವೆ. ಕೊನೆಯ ಹತ್ತು ತಟ್ಟೆಗಳನ್ನು 10 ರೂಪಾಯಿಗೆ ಕೊಟ್ಟದ್ದು ನಷ್ಟವೇ? ಒಂದು ತಟ್ಟೆಗೆ ಬಿದ್ದ ಸರಾಸರಿ ಸಾಮಾನಿನ ಖರ್ಚು 8 ರೂಪಾಯಿ 67 ಪೈಸೆ, ಆದ್ದರಿಂದ ನಷ್ಟವಲ್ಲ ಎಂದು ಒಬ್ಬ ಹುಡುಗ ಹೇಳಬಹುದು. ಸರಿ, 5 ರೂಪಾಯಿಗೆ ಇಳಿಸಬೇಕಾಗಿ ಬಂದಿದ್ದರೆ ಏನು ಮಾಡುತ್ತಿದ್ದಿರಿ? ಕಲಸಿದ ಗಿರ್ಮಿಟ್ ನಾಳೆಗೆ ಉಳಿಯುವುದಿಲ್ಲ, ಅದಕ್ಕೆ ಹಾಕಿದ ಹಣ ಆಗಲೇ ಹೋಗಿಯಾಗಿದೆ, ಹೀಗಿರುವಾಗ 5 ರೂಪಾಯಿಯೂ ಬಿಟ್ಟುಕೊಡುವಂಥದ್ದಲ್ಲ ಎಂಬ ತಿಳಿವಳಿಕೆಗೆ ಹತ್ತನೇ ತರಗತಿಯ ಮಕ್ಕಳು ತಾವಾಗಿಯೇ ಬರಬಲ್ಲರು. ಸಂಜೆ ಸಂತೆಯಲ್ಲಿ ಕೊತ್ತಂಬರಿ ಸೊಪ್ಪಿನ ಬೆಲೆ ಏಕೆ ಕುಸಿಯುತ್ತದೆ ಎಂಬುದನ್ನು ಆಮೇಲೆ ಅವರಿಗೆ ವಿವರಿಸಬೇಕಾಗಿಲ್ಲ.

ಇದೇ ಲೆಕ್ಕದಲ್ಲಿ ಇನ್ನೊಂದು ಸಾಲು ಬಿಟ್ಟುಹೋಗಿದೆ. ಹುಡುಗಿಯರಿಬ್ಬರ ಕೆಲಸ ಮತ್ತು ಬೆಳಗ್ಗೆ ಒಲೆಯ ಮುಂದೆ ನಿಂತ ತಾಯಿಯ ಕೆಲಸ ಸೇರಿ ಏಳು ಗಂಟೆ ಎಂದಿಟ್ಟುಕೊಂಡರೆ, 140 ರೂಪಾಯಿಯ ಲಾಭ ಗಂಟೆಗೆ 20 ರೂಪಾಯಿಯ ದುಡಿಮೆಯಾಗಿಬಿಡುತ್ತದೆ; ಗ್ಯಾಸಿನ ಖರ್ಚನ್ನು ಇನ್ನೂ ಹಿಡಿದಿಲ್ಲ. ಆ ಹೊತ್ತಿನಲ್ಲಿ ತಾಯಿ ಬೇರೇನು ಮಾಡಬಹುದಿತ್ತು, ಅದರಿಂದ ಎಷ್ಟು ಬರುತ್ತಿತ್ತು ಎಂದು ಕೇಳಿದರೆ ಅವಕಾಶ ವೆಚ್ಚದ, ಅಂದರೆ ಒಂದನ್ನು ಮಾಡಲು ಹೋಗಿ ಕೈಬಿಟ್ಟ ಇನ್ನೊಂದರ ಬೆಲೆಯ, ಪಾಠ ಅಲ್ಲಿಯೇ ಆಯಿತು. ಕೇಂದ್ರ ಸರ್ಕಾರದ ಅಂಕಿಸಂಖ್ಯಾ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವವರ ಪೈಕಿ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ದುಡಿಯುತ್ತಾರೆ. ಸಮೀಕ್ಷೆಯ ಈ ಸಂಖ್ಯೆಗಳನ್ನು ಮೊದಲೇ ಹಲಗೆಯ ಮೇಲೆ ಬರೆದರೆ ಅವು ಹಲಗೆಯ ಮೇಲೆಯೇ ಉಳಿಯುತ್ತವೆ. ತಮ್ಮ ಲಾಭವು ತಾಯಿಯ ಲೆಕ್ಕಕ್ಕೆ ಬಾರದ ಕೆಲಸದಿಂದ ಬಂತೆಂದು ಕಂಡುಕೊಂಡ ಮೇಲೆ ತೋರಿಸಿದರೆ ಅದೇ ಸಂಖ್ಯೆಗಳು ಮಕ್ಕಳ ಮಾತಿಗೆ ಆಧಾರವಾಗುತ್ತವೆ.

ಹಾಗಾದರೆ ಸಂತೆಯನ್ನು ನಡೆಸುವ ಕ್ರಮ ಸ್ವಲ್ಪ ಬದಲಾಗಬೇಕು. ಎಲ್ಲರೂ ಇಂತಿಷ್ಟೇ ಬೆಲೆಗೆ ಮಾರಬೇಕೆಂದು ಶಿಕ್ಷಕರು ಮೊದಲೇ ಗೊತ್ತುಮಾಡುವುದನ್ನು ಬಿಡಬೇಕು, ಏಕೆಂದರೆ ಬೆಲೆ ಅಲುಗಾಡದ ಕಡೆ ಬೇಡಿಕೆಯ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಇಬ್ಬರು ಮೂವರು ಮಕ್ಕಳು ಏನನ್ನೂ ಮಾರದೆ ಅರ್ಧ ಗಂಟೆಗೊಮ್ಮೆ ಪ್ರತಿ ಅಂಗಡಿಯ ಬೆಲೆಯನ್ನೂ ಉಳಿದ ಸರಕನ್ನೂ ಬರೆದುಕೊಳ್ಳುತ್ತಾ ತಿರುಗಲಿ; ನಮ್ಮ ಅಭಿಪ್ರಾಯದಲ್ಲಿ ಆ ದಿನದ ಅತಿ ಮುಖ್ಯ ಕೆಲಸ ಅವರದೇ. ಹೆತ್ತವರು ಅಭಿಮಾನಕ್ಕೆ ಕೊಳ್ಳುವುದನ್ನು ತಡೆಯಲು, ಮೊದಲ ಎರಡು ಗಂಟೆ ಕೊಳ್ಳುವವರು ಬೇರೆ ತರಗತಿಯ ಮಕ್ಕಳು ಮಾತ್ರ ಎಂದು ನಿಯಮ ಮಾಡಬಹುದು. ಇನ್ನು ಬಂಡವಾಳದ ಮಾತು. ನೂರು ರೂಪಾಯಿ ತರಲಾರದ ಮಗು ಸಂತೆಯಿಂದ ಹೊರಗೆ ನಿಲ್ಲುವುದು ಯಾವ ಶಾಲೆಗೂ ಶೋಭೆಯಲ್ಲ. ತಮ್ಮ ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘದ ಹೆಸರನ್ನು ನಮ್ಮ ಮಕ್ಕಳು ‘ದೇಶದಲ್ಲೇ ಮೊದಲನೆಯದು’ ಎಂದು ಬಾಯಿಪಾಠ ಮಾಡುತ್ತಾರೆ. ತರಗತಿಯೇ ಒಂದು ಸಣ್ಣ ಪತ್ತಿನ ಸಂಘವಾಗಿ, ಎಲ್ಲರಿಂದ ಐದು ಹತ್ತು ರೂಪಾಯಿ ಪಾಲು ಹಣ ಕೂಡಿಸಿ, ಬೇಕಾದವರಿಗೆ ಸಾಲ ಕೊಟ್ಟು, ಸಂತೆಯ ಮರುದಿನ ಅಲ್ಪ ಬಡ್ಡಿಯೊಡನೆ ವಸೂಲು ಮಾಡಿದರೆ ‘ಹಣ ಮತ್ತು ಸಾಲ’ದ ಪಾಠದ ಅರ್ಧ ಭಾಗ ಮುಗಿದಂತೆಯೇ. ಮಾರಲಾಗದೆ ನಷ್ಟವಾದವರ ಸಾಲವನ್ನು ಏನು ಮಾಡಬೇಕೆಂದು ಮಕ್ಕಳೇ ಸಭೆ ಸೇರಿ ತೀರ್ಮಾನಿಸಲಿ. ಅಂಥ ಸಭೆ ಗದ್ದಲದಿಂದಲೇ ನಡೆಯುತ್ತದೆ, ನಡೆಯಲಿ.

ಮೈದಾನ, ಅಂಗಡಿ, ಶಾಮಿಯಾನ ಏನೂ ಬೇಡವೆನ್ನುವವರಿಗೆ ನಾಲ್ಕು ಗೋಡೆಗಳ ಒಳಗೇ ಒಂದು ದಾರಿಯಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಚೇಂಬರ್ಲಿನ್ ತಮ್ಮ ವಿದ್ಯಾರ್ಥಿಗಳಿಗೆ, ಕೊಳ್ಳಬಹುದಾದ ಗರಿಷ್ಠ ಬೆಲೆ ಇಲ್ಲವೇ ಮಾರಬಹುದಾದ ಕನಿಷ್ಠ ಬೆಲೆ ಬರೆದ ಚೀಟಿ ಹಂಚಿ, ಕೆಲವರನ್ನು ಕೊಳ್ಳುವವರಾಗಿಯೂ ಕೆಲವರನ್ನು ಮಾರುವವರಾಗಿಯೂ ಮಾಡಿ ತರಗತಿಯಲ್ಲಿ ಮಾರುಕಟ್ಟೆ ನಡೆಸಿದರು, ಅದರ ಫಲಿತಾಂಶವನ್ನು 1948ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಚೌಕಾಸಿ ಮಾಡಿದ ಆ ಮಾರುಕಟ್ಟೆಯ ವ್ಯವಹಾರ ಪುಸ್ತಕ ಹೇಳುವ ಸಮತೋಲನಕ್ಕೆ, ಅಂದರೆ ಬೇಡಿಕೆಯೂ ಪೂರೈಕೆಯೂ ಸರಿಹೊಂದುವ ಬಿಂದುವಿಗೆ, ಹೊಂದಲಿಲ್ಲ. ಅಲ್ಲಿ ವಿದ್ಯಾರ್ಥಿಯಾಗಿದ್ದ ವೆರ್ನಾನ್ ಸ್ಮಿತ್ ಮುಂದೆ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಾಪಕರಾದಾಗ, 1956ರಲ್ಲಿ, ಆಟದ ನಿಯಮವನ್ನಷ್ಟೇ ಬದಲಿಸಿದರು: ಪ್ರತಿಯೊಬ್ಬರೂ ತಮ್ಮ ಬೆಲೆಯನ್ನು ಎಲ್ಲರಿಗೂ ಕೇಳುವಂತೆ ಕೂಗಬೇಕು ಮತ್ತು ಅದೇ ಚೀಟಿಗಳೊಡನೆ ಆಟವನ್ನು ಹಲವು ಸುತ್ತು ನಡೆಸಬೇಕು. ಬೆಲೆ ಸಮತೋಲನದ ಹತ್ತಿರಕ್ಕೆ ಬಂದು ನಿಂತಿತು. ಈ ದಾರಿಯಲ್ಲಿ ಮುಂದುವರಿದ ಕೆಲಸಕ್ಕೆ ಅವರಿಗೆ 2002ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇದನ್ನು ಒಂದೇ ಅವಧಿಯಲ್ಲಿ, ಕಾಗದದ ಚೂರುಗಳಲ್ಲಿ, ಯಾವ ಖರ್ಚೂ ಇಲ್ಲದೆ ಮಾಡಬಹುದು. ಎರಡೂ ನಿಯಮಗಳಲ್ಲಿ ಆಡಿಸಿ ಎಂಬುದು ನಮ್ಮ ವಿನಂತಿ. ಒಂದೇ ಸರಕು, ಅದೇ ಜನ, ಆದರೂ ವ್ಯಾಪಾರದ ಕ್ರಮ ಬದಲಾದೊಡನೆ ಬೆಲೆ ಬದಲಾಗುತ್ತದೆಂಬುದು ಆಗಷ್ಟೇ ಕಣ್ಣಿಗೆ ಕಾಣುತ್ತದೆ.

ತಮ್ಮ ಜಿಲ್ಲೆಯ ಮಕ್ಕಳಿಗೆ ಇದು ದೂರದ ಮಾತಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಪ್ರತಿ ಲಾಟಿಗೂ ವ್ಯಾಪಾರಿಗಳು ಒಬ್ಬರ ಬೆಲೆ ಇನ್ನೊಬ್ಬರಿಗೆ ತಿಳಿಯದಂತೆ ಟೆಂಡರ್ ಹಾಕುತ್ತಾರೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ಬೆಲೆ ಎಲ್ಲರೆದುರೂ ಏರುತ್ತದೆ. ಇವೆರಡರಲ್ಲಿ ಬೆಳೆಗಾರನಿಗೆ ಯಾವುದು ಹಿತವೆಂದು ಕೇಳಿದರೆ ತರಗತಿ ಸುಮ್ಮನೆ ಕೂರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆಗಳಾದ ಡಬ್ಬಿಗೂ ಕಡ್ಡಿಗೂ ಬೆಲೆಯ ಅಂತರವೇಕೆ, ಇಂದು ಮಾರುವುದು ಒಳ್ಳೆಯದೋ ಶೈತ್ಯಾಗಾರದ ಬಾಡಿಗೆ ಮತ್ತು ಸಾಲದ ಬಡ್ಡಿ ಹೊತ್ತು ಎರಡು ತಿಂಗಳು ಕಾಯುವುದು ಒಳ್ಳೆಯದೋ ಎಂಬುದನ್ನು ತಮ್ಮೂರಿನ ರೈತರೊಬ್ಬರನ್ನು ತರಗತಿಗೆ ಕರೆದು ಕೇಳಿಸಬಹುದು. ಬೆಲೆ ಕುಸಿತದಿಂದ ರೊಚ್ಚಿಗೆದ್ದ ರೈತರು 2024ರ ಮಾರ್ಚ್‌ನಲ್ಲಿ ಅದೇ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿಯಿಟ್ಟ ಸುದ್ದಿಯನ್ನು ಈ ಮಕ್ಕಳು ಮನೆಯಲ್ಲಿ ಕೇಳಿಯೇ ಇರುತ್ತಾರೆ. ಅದನ್ನು ತರಗತಿಯಲ್ಲಿ ಮಾತನಾಡದೆ ಬೇಡಿಕೆ ಪೂರೈಕೆಯ ರೇಖೆಯನ್ನು ಮಾತ್ರ ಎಳೆಸುವುದು ಸರಿಯೆಂದು ನಮಗೆ ತೋರುವುದಿಲ್ಲ.

ಶಾಲೆಗೆ ಬಾರದೆ ಉಳಿದ ಆ ಹುಡುಗನ ವಿಷಯಕ್ಕೆ ಬರುತ್ತೇವೆ. ಇಲ್ಲಿ ತಮ್ಮ ಮಾತು ಸಂಪೂರ್ಣ ಸರಿ. ಮನೆಯ ಆಯವ್ಯಯವನ್ನು ಬರೆದು ತರಗತಿಯಲ್ಲಿ ಓದಿಸುವ ಅಭ್ಯಾಸ ನಿಲ್ಲಬೇಕು. ಮಗುವಿನ ಮನೆಯ ಸಾಲ, ತಂದೆಯ ಕುಡಿತ, ಒಡವೆಯ ಅಡವು ಯಾವ ಅಂಕಕ್ಕೂ ವಿಷಯವಾಗಬಾರದು. ಆದರೆ ಆಯವ್ಯಯವನ್ನು ಕಲಿಸಲು ಎಲ್ಲ ಮಕ್ಕಳೂ ಸಮಾನರಾಗಿ ಕೂರುವ ಒಂದು ಮನೆ ಶಾಲೆಯೊಳಗೇ ಇದೆ, ಅದು ಬಿಸಿಯೂಟದ ಅಡುಗೆಮನೆ. ಒಂದು ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯದಂತೆ ತಿಂಗಳಿಗೆ ಎಷ್ಟು ಬೇಕು, ಬೇಳೆ, ಎಣ್ಣೆ, ತರಕಾರಿಗೆ ಎಷ್ಟು ಹೋಗುತ್ತದೆ, ಅಡುಗೆಯವರ ಗೌರವಧನವನ್ನು ಸೇರಿಸಿದರೆ ಒಂದು ಊಟದ ನಿಜವಾದ ಖರ್ಚೆಷ್ಟು, ಟೊಮೆಟೊ ಬೆಲೆ ಏರಿದ ತಿಂಗಳಲ್ಲಿ ಸಾರಿನಲ್ಲಿ ಏನು ಬದಲಾಯಿತು ಎಂಬುದನ್ನೆಲ್ಲ ಮಕ್ಕಳು ಕೇಳಿ, ತೂಗಿ, ಬರೆದುಕೊಳ್ಳಬಹುದು. ಬೆಲೆಗಳ ಏರಿಳಿತವನ್ನು ಒಂದೇ ಸಂಖ್ಯೆಯಲ್ಲಿ ತೋರಿಸುವ ಬೆಲೆ ಸೂಚ್ಯಂಕವನ್ನು ಕೂಡ ಇಲ್ಲಿಂದಲೇ ಕಟ್ಟಬಹುದು. ಹಾಲಿನ ಪುಡಿಯ ಕಥೆ ಇನ್ನೂ ಸ್ವಾರಸ್ಯದ್ದು: 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆ ಮಕ್ಕಳಿಗೆ ಪೌಷ್ಟಿಕಾಂಶವನ್ನು ಕೊಟ್ಟಂತೆಯೇ ಹಾಲು ಒಕ್ಕೂಟಗಳಲ್ಲಿ ಹೆಚ್ಚುವರಿಯಾಗಿ ಉಳಿಯುತ್ತಿದ್ದ ಹಾಲಿಗೂ ದಾರಿ ಮಾಡಿತು. ಊರ ಸಂಘಕ್ಕೆ ಹಾಲು ಹಾಕುವ ಮನೆಯ ಮಗುವೂ ಲೋಟ ಹಿಡಿದು ಸಾಲಿನಲ್ಲಿ ನಿಲ್ಲುವ ಮಗುವೂ ಒಂದೇ ಸರಪಳಿಯ ಎರಡು ತುದಿಗಳಲ್ಲಿರುವುದನ್ನು ಈ ಒಂದು ಯೋಜನಾ ಕಾರ್ಯ ತೋರಿಸಬಲ್ಲದು, ಮತ್ತು ಇದರಲ್ಲಿ ಯಾರ ಮನೆಯ ಬಾಗಿಲನ್ನೂ ತೆರೆಯಬೇಕಾಗಿಲ್ಲ.

ಸಮಯದ ಕೊರತೆ ನಿಜ, ಅದಕ್ಕೆ ನಮ್ಮ ಬಳಿ ಇರುವ ಉತ್ತರ ಚಿಕ್ಕದು. ವರ್ಷಕ್ಕೆ ಒಂದೇ ಯೋಜನಾ ಕಾರ್ಯ ಸಾಕು. ಹತ್ತನೇ ತರಗತಿಯ 20 ಆಂತರಿಕ ಅಂಕಗಳಿಗಾಗಿ ಹೇಗಿದ್ದರೂ ಚಟುವಟಿಕೆಗಳನ್ನು ಮಾಡಿಸಲೇಬೇಕಾಗಿರುವುದರಿಂದ, ಅರ್ಥಶಾಸ್ತ್ರಕ್ಕೆ ಸಿಗುವ ಪಾಲನ್ನು ಹಂಚಿಹಾಕದೆ ಇದೊಂದಕ್ಕೇ ಕೊಟ್ಟು, ಲೆಕ್ಕ ಮತ್ತು ಚರ್ಚೆಗೆ ಕನಿಷ್ಠ ಎರಡು ಅವಧಿಗಳನ್ನು ಕಾದಿರಿಸಬೇಕು. ಚಟುವಟಿಕೆಯ ದಿನ ಮೊಟಕಾದರೂ ಚಿಂತೆಯಿಲ್ಲ, ಆ ಎರಡು ಅವಧಿಗಳು ಮೊಟಕಾಗಬಾರದು.

ಅಂಟಿಸಿದ ಚಿತ್ರಗಳ ಕಾಟಕ್ಕೂ ಇದರಲ್ಲೇ ಪರಿಹಾರವಿದೆ. ಹೊಳೆಯುವ ಹೊದಿಕೆಗೆ, ಮುದ್ರಿಸಿದ ಹಾಳೆಗೆ ಅಂಕವಿಲ್ಲವೆಂದು ಮೊದಲ ದಿನವೇ ಹೇಳಿಬಿಡಿ. ಕೈಬರಹದ ಲೆಕ್ಕದ ಪುಟಕ್ಕೆ ಅರ್ಧ ಅಂಕಗಳಿರಲಿ, ಅದರಲ್ಲಿ ಹೊಡೆದುಹಾಕಿ ತಿದ್ದಿದ ಗುರುತುಗಳಿದ್ದರೆ ಕಳೆಯಬೇಡಿ. ಉಳಿದರ್ಧ ಅಂಕಗಳು, ಆ ಲೆಕ್ಕದಲ್ಲಿ ತನಗೆ ಅಚ್ಚರಿಯೆನಿಸಿದ ಒಂದು ಸಂಗತಿಯನ್ನು ಹಿಡಿದು ಮಗು ಎದ್ದುನಿಂತು ಕೊಡುವ ಕಾರಣಕ್ಕೆ ಮತ್ತು ಸಹಪಾಠಿಗಳು ಎಸೆಯುವ ಎರಡು ಪ್ರಶ್ನೆಗಳಿಗೆ ಅದು ಕೊಡುವ ಉತ್ತರಕ್ಕೆ ಮೀಸಲಿರಲಿ. ಈ ವರ್ಷದ ಸಂತೆಯನ್ನು ತಾವು ಕೈಬಿಡುವುದಿಲ್ಲವಾದರೆ, ಮಕ್ಕಳ ಲೆಕ್ಕದ ಪುಟಗಳಲ್ಲಿ ನಾಲ್ಕೈದನ್ನು, ಅವರ ಹೆಸರು ಮುಚ್ಚಿ, ನಮಗೆ ಕಳುಹಿಸಿಕೊಡಿ. ನಷ್ಟವಾದ ಅಂಗಡಿಯ ಲೆಕ್ಕವೊಂದು ಅದರಲ್ಲಿ ಇರಲೇಬೇಕು. ತಿದ್ದದೆ, ಇದ್ದಂತೆಯೇ ಪ್ರಕಟಿಸುತ್ತೇವೆ.

— ಸಂಪಾದಕ