ಒಂದು ಅಕ್ಷರ ಬದಲಾಯಿತು, ನಾನೂ ಬದಲಾದೆನಾ?

ಪ್ರಶ್ನೆ: ನನಗೆ 29 ವರ್ಷ. ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ 16 ಟೈಪ್‌ಗಳ ಪರ್ಸನಾಲಿಟಿ ಟೆಸ್ಟ್ ಮಾಡಿದೆ. ಐಎನ್‌ಎಫ್‌ಪಿ ಅಂತ ನಾಲ್ಕಕ್ಷರದ ಟೈಪ್ ಬಂತು. ವಿವರ ಓದುತ್ತಾ ಕಣ್ಣಲ್ಲಿ ನೀರೇ ಬಂತು. ನನ್ನನ್ನು ಇಷ್ಟು ಅರ್ಥ ಮಾಡಿಕೊಂಡವರು ಯಾರೂ ಇಲ್ಲ ಅನ್ನಿಸಿತು. ಹೋದ ತಿಂಗಳು ಸುಮ್ನೆ ಮತ್ತೆ ಮಾಡಿದೆ. ಈ ಸಲ ಐಎನ್‌ಎಫ್‌ಜೆ! ಬದಲಾಗಿದ್ದು ಒಂದೇ ಅಕ್ಷರ, ಆದರೆ ವಿವರ ಪೂರ್ತಿ ಬೇರೆ. ವಿಚಿತ್ರ ಅಂದರೆ ಅದೂ ನನ್ನದೇ ಅನ್ನಿಸುತ್ತದೆ. ಗೆಳತಿ 'ಇದೆಲ್ಲ ರಾಶಿಭವಿಷ್ಯದ ಥರ, ಬಿಡೇ' ಅಂತಾಳೆ. ಇದರ ನಡುವೆ ಆಫೀಸಿನಲ್ಲಿ ಟೀಮ್ ಲೀಡ್ ಆಗುತ್ತೀರಾ ಅಂತ ಕೇಳಿದ್ದಾರೆ. ನನ್ನಂಥ ಅಂತರ್ಮುಖಿಗೆ ಅದು ಆಗಿಬರಲ್ಲ ಅಂತ ಬೇಡ ಅನ್ನುವ ಯೋಚನೆಯಲ್ಲಿದ್ದೇನೆ. ನಿಜವಾಗಿ ನಾನು ಯಾವ ಟೈಪ್?

ಉತ್ತರ: ಮೊದಲು ಆ ಒಂದು ಅಕ್ಷರದ ವಿಷಯ ಮುಗಿಸೋಣ. ನೀವು ಬದಲಾಗಿರಬೇಕು ಅಂತೇನೂ ಇಲ್ಲ. ಟೆಸ್ಟ್ ಗೆರೆ ಎಳೆದಿರುವ ಜಾಗ ಹಾಗಿದೆ.

ಒಂದು ಕೋಣೆಯಲ್ಲಿ ನೂರು ಜನರನ್ನು ನಿಲ್ಲಿಸಿ, ಗೋಡೆಯ ಮೇಲೆ ಒಂದು ಗೆರೆ ಎಳೆದು, ಅದಕ್ಕಿಂತ ಮೇಲಿದ್ದವರು ಉದ್ದ, ಕೆಳಗಿದ್ದವರು ಕುಳ್ಳ ಅಂತ ಹೇಳಿದರೆ ಏನಾಗುತ್ತದೆ? ಜಾಸ್ತಿ ಜನ ಇರುವುದು ಗೆರೆಯ ಆಸುಪಾಸಿನಲ್ಲೇ. ಅವರಲ್ಲಿ ಯಾರಾದರೂ ದಪ್ಪ ಅಟ್ಟೆಯ ಚಪ್ಪಲಿ ಹಾಕಿಕೊಂಡು ಬಂದರೆ ಕುಳ್ಳನೂ ಉದ್ದ ಆಗಿಬಿಡುತ್ತಾನೆ. ಈ ಟೆಸ್ಟ್‌ನಲ್ಲಿ ಅಂಥ ನಾಲ್ಕು ಗೆರೆಗಳಿವೆ, ಒಂದೊಂದಕ್ಕೂ ಒಂದು ಅಕ್ಷರ. ಮೊದಲನೆಯ ಐ ಅಂದರೆ ಅಂತರ್ಮುಖಿ. ನಿಮಗೆ ಬದಲಾಗಿದ್ದು ಕೊನೆಯದು. ಮೊದಲೇ ಯೋಜನೆ ಹಾಕಿಕೊಳ್ಳುವವರಿಗೆ ಜೆ, ಬಂದ ಹಾಗೆ ನೋಡಿಕೊಳ್ಳುವವರಿಗೆ ಪಿ. ನೀವು ನೂರಕ್ಕೆ 51 ಜೆ ಆದರೂ ಜೆ, 95 ಆದರೂ ಜೆ. 49 ಆದ ಕೂಡಲೇ ಪಿ. ಈ ಎರಡು ವರ್ಷದಲ್ಲಿ ನಿಮ್ಮ ಕೆಲಸದ ಒತ್ತಡ ಸ್ವಲ್ಪ ಜಾಸ್ತಿ ಆಗಿ, ಪಟ್ಟಿ ಮಾಡಿಕೊಳ್ಳುವ ಅಭ್ಯಾಸ ಬಂದಿದ್ದರೆ ಸಾಕು. ಎರಡು ಪ್ರಶ್ನೆಗೆ ಉತ್ತರ ಬದಲಾಗುತ್ತದೆ, ಅಕ್ಷರ ಬದಲಾಗುತ್ತದೆ, ಅದರ ಜೊತೆಗೆ ನಾಲ್ಕು ಪುಟದ ವಿವರವೂ ಬದಲಾಗುತ್ತದೆ. ಕೆಲವೇ ವಾರ ಬಿಟ್ಟು ಮತ್ತೆ ಮಾಡಿದವರಲ್ಲೂ ತುಂಬ ಜನರಿಗೆ ಬೇರೆ ಟೈಪ್ ಬರುತ್ತದೆ. ಈ ಟೆಸ್ಟ್ ಮೇಲೆ ಸಂಶೋಧಕರು ಹೊರಿಸುವ ಮುಖ್ಯ ದೂರೇ ಇದು.

ಇನ್ನು ನಿಮ್ಮ ಗೆಳತಿಯ ಮಾತು. ಅದು ಅರ್ಧ ನಿಜ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಒಂದು ವಾರದ ನಂತರ ಪ್ರತಿಯೊಬ್ಬರಿಗೂ 'ನಿಮ್ಮ ಫಲಿತಾಂಶ' ಅಂತ ಒಂದು ಹಾಳೆ ಕೊಟ್ಟು, ಎಷ್ಟು ಸರಿಯಾಗಿದೆ, ಐದಕ್ಕೆ ಅಂಕ ಕೊಡಿ ಅಂದರು. ಸರಾಸರಿ 4.26 ಬಂತು. ಆಮೇಲೆ ಗುಟ್ಟು ಹೊರಬಿತ್ತು: ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ಅದರ ಸಾಲುಗಳನ್ನು ಫೋರರ್ ಹೆಚ್ಚಾಗಿ ಆರಿಸಿಕೊಂಡಿದ್ದು ಅಂಗಡಿಯಲ್ಲಿ ಸಿಗುವ ಒಂದು ಜ್ಯೋತಿಷ್ಯದ ಪುಸ್ತಕದಿಂದ. ಕೆಲವೊಮ್ಮೆ ಎಲ್ಲರ ಜೊತೆ ಬೆರೆಯುತ್ತೀರಿ, ಕೆಲವೊಮ್ಮೆ ಒಬ್ಬರೇ ಇರಲು ಬಯಸುತ್ತೀರಿ ಅನ್ನುವಂಥ ಮಾತುಗಳು. ಇಂಥದ್ದಕ್ಕೆ 'ಅಲ್ಲ' ಅನ್ನುವವರು ಯಾರಿದ್ದಾರೆ? ನಿಮಗೆ ಎರಡು ಟೈಪ್‌ನ ವಿವರವೂ ನನ್ನದೇ ಅನ್ನಿಸಿದ್ದು ಇದಕ್ಕೇ.

ಆದರೆ ಪೂರ್ತಿ ಟೊಳ್ಳು ಅನ್ನಲು ನಾನು ಒಪ್ಪುವುದಿಲ್ಲ. ರಾಶಿಭವಿಷ್ಯ ನಿಮ್ಮನ್ನು ಏನೂ ಕೇಳುವುದಿಲ್ಲ, ಹುಟ್ಟಿದ ದಿನ ನೋಡಿ ಹೇಳಿಬಿಡುತ್ತದೆ. ಇಲ್ಲಿ ನಿಮ್ಮ ಬಾಯಿಂದಲೇ ಕೇಳಿ, ನಿಮಗೇ ತಿರುಗಿಸಿ ಹೇಳುತ್ತಾರೆ. ಮನಶ್ಶಾಸ್ತ್ರಜ್ಞರು ಇವತ್ತು ಹೆಚ್ಚು ನಂಬುವುದು 'ಬಿಗ್ ಫೈವ್' ಎಂಬ ಐದು ಗುಣಗಳ ಅಳತೆಯನ್ನು. ಅದರಲ್ಲಿ ಡಬ್ಬಿಗಳಿಲ್ಲ, ಎಲ್ಲರೂ ಒಂದು ಉದ್ದದ ಅಳತೆಪಟ್ಟಿಯ ಮೇಲೆ ಎಲ್ಲೋ ಒಂದು ಕಡೆ ಇರುತ್ತಾರೆ. ನಿಮ್ಮ ಟೆಸ್ಟ್‌ನ ನಾಲ್ಕು ಅಕ್ಷರಗಳು ಆ ಐದರಲ್ಲಿ ನಾಲ್ಕಕ್ಕೆ ಸುಮಾರಾಗಿ ಹೊಂದುತ್ತವೆ. ಬಿಟ್ಟುಹೋದ ಐದನೆಯದು ಯಾವುದು ಗೊತ್ತಾ? ಆತಂಕ, ಬೇಗ ಮನಸ್ಸು ಕೆಡುವುದು, ಚಿಂತೆ. ನಾಲ್ಕಕ್ಷರದ ಟೆಸ್ಟ್ ಇಷ್ಟು ಜನಕ್ಕೆ ಹಿತವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನುಮಾನ. ಅದರಲ್ಲಿ ಯಾರಿಗೂ ಬೇಜಾರಿನ ಫಲಿತಾಂಶ ಬರುವುದಿಲ್ಲ. 16 ಬಾಗಿಲಲ್ಲಿ ಯಾವುದನ್ನು ತೆರೆದರೂ ಒಳಗೆ ಹೊಗಳಿಕೆ.

ಇದನ್ನು ರೂಪಿಸಿದವರ ಕಥೆಯೂ ಸ್ವಾರಸ್ಯವಾಗಿದೆ. ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮನುಷ್ಯರ ಟೈಪ್‌ಗಳ ಬಗ್ಗೆ ಬರೆದದ್ದನ್ನು ಓದಿ ಹುಚ್ಚು ಹಚ್ಚಿಕೊಂಡವರು ಕ್ಯಾಥರಿನ್ ಬ್ರಿಗ್ಸ್ ಎಂಬ ಅಮೆರಿಕದ ಮಹಿಳೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅದನ್ನು ಪ್ರಶ್ನೆಪಟ್ಟಿ ಮಾಡಿದವರು ಅವರ ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್. ಅದೇ ಮೈಯರ್ಸ್–ಬ್ರಿಗ್ಸ್ ಟೆಸ್ಟ್. ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಮಗಳು ಅದಕ್ಕೂ ಮೊದಲು ಪತ್ತೇದಾರಿ ಕಾದಂಬರಿ ಬರೆದವರು! ಅಂದಹಾಗೆ ಆನ್‌ಲೈನ್‌ನಲ್ಲಿ ಬಿಟ್ಟಿ ಸಿಗುವ ಟೆಸ್ಟ್‌ಗಳು ಸಾಮಾನ್ಯವಾಗಿ ಅವರದ್ದಲ್ಲ, ಅದನ್ನು ನೋಡಿ ಮಾಡಿದ ಬೇರೆಯವರದ್ದು.

ಈಗ 'ನಾನು ಯಾವ ಟೈಪ್' ಅನ್ನುವುದಕ್ಕೆ ಬರೋಣ. ನನ್ನ ಸಲಹೆ: ಫಲಿತಾಂಶದ ಪುಟ ಮುಚ್ಚಿಡಿ, ಪ್ರಶ್ನೆಗಳನ್ನು ಮತ್ತೆ ತೆಗೆಯಿರಿ. ಪಟ್ಟಂತ ಉತ್ತರ ಕೊಟ್ಟ ಪ್ರಶ್ನೆಗಳನ್ನು ಬಿಡಿ, ಅವುಗಳಲ್ಲಿ ಹೊಸದೇನಿಲ್ಲ. ಎಲ್ಲಿ ಬೆರಳು ತಡೆಯಿತೋ ಅಲ್ಲಿ ನಿಲ್ಲಿ. 'ಹೊಸಬರ ಜೊತೆ ನೀವಾಗಿಯೇ ಮಾತು ಶುರು ಮಾಡುತ್ತೀರಾ?' ಅಂತ ಕೇಳಿದಾಗ 'ಯಾರು, ಎಲ್ಲಿ, ಅದರ ಮೇಲೆ ಹೋಗುತ್ತೆ' ಅನ್ನಿಸಿತಲ್ವಾ? ಆ 'ಅದರ ಮೇಲೆ ಹೋಗುತ್ತೆ' ಅನ್ನುವುದನ್ನು ಬರೆದಿಡಿ. ಟೆಸ್ಟ್‌ಗೆ ಅದು ಬೇಡ, ನಿಮಗೆ ಬೇಕು. ಕೆಲಸದ ವಿಷಯ ಇದ್ದರೆ ಮೊದಲು ಮಾತಾಡುತ್ತೇನೆ, ಸುಮ್ಮನೆ ಹರಟುವುದಕ್ಕೆ ಆಗಲ್ಲ ಅಂತ ಬಂದರೆ, ಅದು 'ಅಂತರ್ಮುಖಿ' ಅನ್ನುವ ಒಂದು ಪದಕ್ಕಿಂತ ಎಷ್ಟೋ ಸರಿಯಾದ ಚಿತ್ರ. ಪ್ರತಿ ಉತ್ತರದ ಪಕ್ಕ ಈಚೆಗೆ ನಡೆದ ಒಂದು ಘಟನೆ ಬರೆಯಿರಿ. ಘಟನೆ ನೆನಪಿಗೆ ಬರದಿದ್ದರೆ ಆ ಉತ್ತರವನ್ನು ಅನುಮಾನಿಸಿ.

ಯಾಕೆ ಅನುಮಾನ ಅಂದರೆ, ನಾವು ಎಷ್ಟೋ ಸಲ ಹೇಗಿದ್ದೇವೆ ಅಂತ ಬರೆಯುವುದಿಲ್ಲ, ಹೇಗಿರಬೇಕು ಅಂತ ಬರೆಯುತ್ತೇವೆ. ಓದುವ ದಿನಗಳಲ್ಲಿ ನಾನೂ ಈ ಟೆಸ್ಟ್ ಮಾಡಿದ್ದೆ. ಜೆ ಬಂತು, ಅಚ್ಚುಕಟ್ಟಿನ ಮನುಷ್ಯ. ಮನೆಯಲ್ಲಿ ಹೆಮ್ಮೆಯಿಂದ ಹೇಳಿದೆ. ಅಕ್ಕ ಏನೂ ಹೇಳಲಿಲ್ಲ, ನನ್ನ ಕೋಣೆಯ ಬಾಗಿಲು ತೆರೆದು ತೋರಿಸಿದಳು.

ಅದಕ್ಕೇ ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರಿಗೆ ಅವೇ ಪ್ರಶ್ನೆ ಕೊಟ್ಟು, ನಿಮ್ಮ ಬಗ್ಗೆ ಉತ್ತರಿಸಲು ಹೇಳಿ. ರಾಶಿಭವಿಷ್ಯ ಅಂದ ಆ ಗೆಳತಿಯೇ ಆಗಬಹುದು. ಸಿಮೀನ್ ವಜೀರ್ ಎಂಬ ಮನಶ್ಶಾಸ್ತ್ರಜ್ಞೆ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಂಬಂಧಪಟ್ಟದ್ದು. ಒಳಗಿನ ಆತಂಕ, ಅಳುಕು ನಮಗೇ ಚೆನ್ನಾಗಿ ಗೊತ್ತು. ಜಾಣತನ, ಸೃಜನಶೀಲತೆಯಂಥ ವಿಷಯದಲ್ಲಿ ಗೆಳೆಯರ ಅಂದಾಜೇ ಹೆಚ್ಚು ಸರಿ, ಯಾಕಂದರೆ ಅಲ್ಲಿ ನಮ್ಮ ಅಭಿಮಾನ ಅಡ್ಡ ಬರುತ್ತದೆ. ನಿಮ್ಮ ಉತ್ತರ, ಅವರ ಉತ್ತರ ಬೇರೆಯಾದ ಜಾಗಗಳ ಬಗ್ಗೆ ಕೂತು ಮಾತಾಡಿ. ಜಗಳ ಆಡಬೇಡಿ.

ಒಂದು ಎಚ್ಚರಿಕೆ. ತನ್ನ ಬಗ್ಗೆ ಯೋಚಿಸುವುದರಲ್ಲೂ ಎರಡು ಬಗೆ ಇದೆ. ಟ್ರ್ಯಾಪ್ನೆಲ್ ಮತ್ತು ಕ್ಯಾಂಪ್‌ಬೆಲ್ ಎಂಬ ಸಂಶೋಧಕರು 1999ರಲ್ಲಿ ಇವೆರಡನ್ನು ಬಿಡಿಸಿ ತೋರಿಸಿದರು. ಒಂದು ಕುತೂಹಲದ್ದು, ಇನ್ನೊಂದು ಕೊರಗಿನದ್ದು. 'ನಾನು ಯಾಕೆ ಹೀಗೆ, ಯಾಕೆ ಹೀಗೆ' ಅಂತ ಒಂದೇ ಕಡೆ ಗಾಣ ಸುತ್ತುತ್ತಿದ್ದರೆ ಅದು ಎರಡನೆಯದು. ಆಗ ಪುಸ್ತಕ ಮುಚ್ಚಿ ಒಂದು ಸುತ್ತು ನಡೆದು ಬನ್ನಿ. ತಿಂಗಳುಗಟ್ಟಲೆ ಅದೇ ಆಗಿ ನಿದ್ದೆ, ಊಟ ಕೆಡುತ್ತಿದ್ದರೆ ಟೆಸ್ಟ್ ಬಿಡಿ, ಆಪ್ತಸಮಾಲೋಚಕರನ್ನು ಕಾಣಿ.

ಟೀಮ್ ಲೀಡ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ: ಈ ಅಕ್ಷರ ನೋಡಿ ಬೇಡ ಅನ್ನಬೇಡಿ. ಟೆಸ್ಟ್ ಅಳೆಯುವುದು ನಿಮಗೆ ಯಾವುದು ಇಷ್ಟ ಅನ್ನುವುದನ್ನು, ಯಾವುದು ಕೈಲಾಗುತ್ತದೆ ಅನ್ನುವುದನ್ನಲ್ಲ. ಇದನ್ನು ಟೆಸ್ಟ್‌ನವರೇ ಹೇಳುತ್ತಾರೆ. 2011ರಲ್ಲಿ ಆಡಮ್ ಗ್ರ್ಯಾಂಟ್ ಎಂಬ ಸಂಶೋಧಕ ಮತ್ತು ಜೊತೆಗಾರರು ಅಮೆರಿಕದ 57 ಪಿಜ್ಜಾ ಮಳಿಗೆಗಳನ್ನು ನೋಡಿದರು. ಕೆಲಸಗಾರರೇ ಮುಂದೆ ಬಂದು ಸಲಹೆ ಕೊಡುವಂಥ ಮಳಿಗೆಗಳಲ್ಲಿ, ಮಾತು ಕಡಿಮೆಯ ಮ್ಯಾನೇಜರ್ ಇದ್ದ ಕಡೆ ಲಾಭ ಜಾಸ್ತಿ ಇತ್ತು. ಕೆಲಸಗಾರರು ಹೇಳಿದ್ದಷ್ಟೇ ಮಾಡುವ ಕಡೆ ಮಾತುಗಾರ ಮ್ಯಾನೇಜರ್‌ದೇ ಮೇಲುಗೈ. ಹಾಗಾಗಿ ನಿಮ್ಮ ಟೈಪ್ ನೋಡುವ ಮೊದಲು ನಿಮ್ಮ ಟೀಮ್ ಎಂಥದ್ದು ಅಂತ ನೋಡಿ. ಆಮೇಲೆ ನಿಮ್ಮನ್ನು ಹೆದರಿಸುತ್ತಿರುವುದು ಏನು ಅಂತ ಬರೆಯಿರಿ. ಮೀಟಿಂಗ್‌ನಲ್ಲಿ ಮಾತಾಡುವುದಾ? ಗೆಳೆಯರಂತಿದ್ದವರಿಗೆ 'ಈ ಕೆಲಸ ಸರಿಯಾಗಿಲ್ಲ' ಅನ್ನುವುದಾ? ಎರಡನೆಯದು ಬಹಿರ್ಮುಖಿಗಳಿಗೂ ಕಷ್ಟವೇ. ಸಾಧ್ಯವಾದರೆ ಮೂರು ತಿಂಗಳು ಮಾಡಿ ನೋಡುತ್ತೇನೆ ಅಂತ ಕೇಳಿ. ಆ ಕೆಲಸವೇ ಇಷ್ಟ ಇಲ್ಲ ಅಂತಾದರೆ ಧಾರಾಳವಾಗಿ ಬೇಡ ಅನ್ನಿ, ಅದಕ್ಕೆ ನಾಲ್ಕಕ್ಷರದ ಸರ್ಟಿಫಿಕೇಟ್ ಬೇಕಿಲ್ಲ.

ಪ್ರಶ್ನೆ: ಕೆಲಸದ ಸಂದರ್ಶನಕ್ಕೂ ಮೊದಲು ಒಂದು ಕಂಪನಿ ಇದೇ ಥರದ ಟೆಸ್ಟ್ ಮಾಡಲು ಹೇಳಿದೆ. ಯಾವ ಟೈಪ್ ಬಂದರೆ ಒಳ್ಳೆಯದು?

ಉತ್ತರ: ಇಂತಿಂಥ ಟೈಪ್ ಅಂತ ಊಹಿಸಿ ಬರೆಯಲು ಹೋಗಬೇಡಿ. ಮೈಯರ್ಸ್–ಬ್ರಿಗ್ಸ್ ಟೆಸ್ಟ್ ಮಾರುವ ಸಂಸ್ಥೆಯೇ ಇದನ್ನು ಕೆಲಸಕ್ಕೆ ಆಳು ಆರಿಸಲು ಬಳಸಬಾರದು ಅನ್ನುತ್ತದೆ. ಫಲಿತಾಂಶವನ್ನು ಯಾವುದಕ್ಕೆ ಬಳಸುತ್ತೀರಿ ಅಂತ ಕಂಪನಿಯನ್ನು ವಿನಯವಾಗಿ ಕೇಳಿ. ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ನನ್ನ ಗಂಡ ಎಲ್ಲಿಗೆ ಹೊರಟರೂ ತಡ. ಕೇಳಿದರೆ 'ನಾನು ಪಿ ಕಣೇ, ನಮ್ಮ ಟೈಪೇ ಹಾಗೆ' ಅಂತಾರೆ. ಏನು ಹೇಳಲಿ?

ಉತ್ತರ: ಅವರು ವಿಮಾನ, ರೈಲು ಎಷ್ಟು ಸಲ ತಪ್ಪಿಸಿಕೊಂಡಿದ್ದಾರೆ ಅಂತ ಕೇಳಿ. ಅಲ್ಲಿಗೆಲ್ಲ ಸರಿಯಾದ ಸಮಯಕ್ಕೆ ಹೋಗಿದ್ದರೆ, ಪಿ ಅಕ್ಷರಕ್ಕೂ ತಡ ಆಗುವುದಕ್ಕೂ ಸಂಬಂಧ ಇಲ್ಲ ಅಂತಾಯಿತು. ಆದರೆ ಈ ಪ್ರಶ್ನೆಯನ್ನು ಹೊರಡುವ ಗಡಿಬಿಡಿಯಲ್ಲಿ ಕೇಳಬೇಡಿ. ಇನ್ನಷ್ಟು ತಡವಾಗುತ್ತದೆ.