ಹೊದಿಕೆಯ ಹಿಂಬದಿಯಲ್ಲಿ ಯಾರ ಹೆಸರು?

ರೆಕಾರ್ಡ್, ಕ್ಯಾಸೆಟ್, ಸಿಡಿಗಳ ಹೊದಿಕೆ, ಅವುಗಳ ಮೇಲಿನ ಬರಹ, ಅವುಗಳ ರಕ್ಷಣೆ ಕುರಿತು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಐದಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ನಮ್ಮ ತಾಯಿ ಮತ್ತು ಅವರ ಓರಗೆಯ ಹೆಂಗಸರು 1980ರ ದಶಕದ ಕೊನೆಯಲ್ಲಿ ಸೋಬಾನೆ ಪದಗಳ ಒಂದು ಕ್ಯಾಸೆಟ್‌ಗೆ ಹಾಡಿದ್ದರು. ಡಬ್ಬಿಯೊಳಗಿನ ಮಡಚಿದ ಹೊದಿಕೆ ಕಾಗದದಲ್ಲಿ (ಇನ್‌ಲೇ ಕಾರ್ಡ್) ಮುಖ್ಯ ಗಾಯಕಿಯ ಹೆಸರು, ಅದರ ಮುಂದೆ ‘ಮತ್ತು ಸಂಗಡಿಗರು’ ಎಂದಷ್ಟೇ ಇದೆ. ಈಗ ಅದೇ ಹಾಡುಗಳು ಯೂಟ್ಯೂಬಿಗೆ ಬಂದಿವೆ, ಅಲ್ಲಿಯೂ ಅಷ್ಟೇ. ತಾಯಿಗೆ ವಯಸ್ಸಾಗಿದೆ. ಹೆಸರು ಸೇರಿಸಲು ಸಾಧ್ಯವೇ?
(ಓದುಗರು, ಕಡೂರು)

ಉತ್ತರ: ಸಾಧ್ಯ. ಆದರೆ ಕೆಲಸ ನಿಮ್ಮ ಮನೆಯಿಂದಲೇ ಶುರುವಾಗಬೇಕು.

ಆ ಕಾರ್ಡನ್ನು ಒಮ್ಮೆ ಡಬ್ಬಿಯಿಂದ ಹೊರತೆಗೆದು ಪೂರ್ತಿ ಬಿಡಿಸಿ ನೋಡಿ. ಮುಖಭಾಗ ಸುಮಾರು ಹತ್ತು ಸೆಂಟಿಮೀಟರ್ ಎತ್ತರ, ಆರೂವರೆ ಸೆಂಟಿಮೀಟರ್ ಅಗಲ. ಪಕ್ಕದಲ್ಲಿ ಬೆರಳಗಲದ ಬೆನ್ನು. ಅದರಾಚೆ ಒಳಕ್ಕೆ ಮಡಚುವ ಇನ್ನೊಂದು ಚಿಕ್ಕ ಪಟ್ಟಿ, ಅದರ ಮೇಲೆ ‘ಎ’ ಬದಿ ಮತ್ತು ‘ಬಿ’ ಬದಿಯ ಹಾಡುಗಳು ಇರುವೆ ಸಾಲಿನಂತೆ. ಹಿಂದಿನ ಎಲ್‌ಪಿ (ಲಾಂಗ್ ಪ್ಲೇ) ರೆಕಾರ್ಡಿನ ಹೊದಿಕೆ ಒಂದೊಂದು ಬದಿಗೆ 31 ಸೆಂಟಿಮೀಟರಿನ ಚೌಕ. ಕ್ಯಾಸೆಟ್ಟಿನ ಮುಖಕ್ಕೆ ಸಿಕ್ಕಿದ್ದು ಅದರ ಹದಿನೈದನೇ ಒಂದು ಪಾಲು ಜಾಗ. ಗಾಯಕಿಯ ಫೋಟೊ, ಹಿಂದೆ ಒಂದು ದೇವಸ್ಥಾನದ ಗೋಪುರ, ಸಂಸ್ಥೆಯ ಲಾಂಛನ ಎಲ್ಲ ಕುಳಿತ ಮೇಲೆ ಮೇಳದವರಿಗೆ ಉಳಿದದ್ದು ‘ಸಂಗಡಿಗರು’ ಎಂಬ ಒಂದು ಪದ.

ಜಾಗ ಸಾಲಲಿಲ್ಲ ಎಂಬುದು ಅರ್ಧ ಸತ್ಯ ಮಾತ್ರ. ಅದೇ ಕಾರ್ಡಿನ ಒಳಮೈ ತಿರುಗಿಸಿ. ಅನೇಕ ಕ್ಯಾಸೆಟ್‌ಗಳಲ್ಲಿ ಅದು ಖಾಲಿ ಬಿಳಿ, ಇಲ್ಲವೇ ‘ನಮ್ಮ ಇತರ ಯಶಸ್ವಿ ಧ್ವನಿಸುರುಳಿಗಳು’ ಎಂಬ ಪಟ್ಟಿ. ಎಂಟು ಹೆಂಗಸರ ಹೆಸರಿಗೆ ನಾಲ್ಕು ಸಾಲು ಸಾಕಿತ್ತು. ಜನಪದ ಹಾಡುಗಾರರ ಹೆಸರು ಯಾರೂ ಕೇಳುವುದಿಲ್ಲ ಎಂಬ ಧೋರಣೆಯೇ ನಿಜವಾದ ಕಾರಣ ಎಂದು ನನ್ನ ಅಭಿಪ್ರಾಯ. ಸೋಬಾನೆಯಲ್ಲಿ ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಎತ್ತಿಕೊಳ್ಳುವವರು ಇಲ್ಲದಿದ್ದರೆ ಆ ಪದವೇ ಇಲ್ಲ. ಅಂಥ ಹಾಡಿಗೆ ಒಬ್ಬರದೇ ಹೆಸರು ಅಚ್ಚು ಮಾಡಿದ್ದು ತಪ್ಪು ಮಾಹಿತಿ ಕೊಟ್ಟ ಹಾಗೆಯೇ.

ಕಾನೂನಿನ ಮಾತು. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ಹಾಡುವವರ, ನುಡಿಸುವವರ ಹಕ್ಕು ಅದರೊಳಗೆ ಬಂದದ್ದು 1994ರ ತಿದ್ದುಪಡಿಯಲ್ಲಿ. ಇದನ್ನು ಹಾಡಿದವರು ಇವರು ಎಂದು ಗುರುತಿಸಿಕೊಳ್ಳುವ ನೈತಿಕ ಹಕ್ಕು ಸ್ಪಷ್ಟವಾಗಿ ಸೇರಿದ್ದು 2012ರಲ್ಲಿ. ಹಳೆಯ ಕ್ಯಾಸೆಟ್ಟಿನ ವಿಷಯದಲ್ಲಿ ಮಾತ್ರ ವಕೀಲರ ನೋಟಿಸಿಗಿಂತ ದಾಖಲೆ ಸಹಿತವಾದ ಒಂದು ಸೌಜನ್ಯದ ಪತ್ರವೇ ಹೆಚ್ಚು ಕೆಲಸ ಮಾಡುತ್ತದೆ.

ಆ ದಾಖಲೆ ಹೀಗಿರಲಿ. ತಾಯಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಪದ ಹಾಕಿ ಕೇಳಿಸಿ. ಯಾವ ಪದ ಯಾರು ಹೇಳಿಕೊಟ್ಟರು, ದನಿ ಸೇರಿಸಿದವರು ಯಾರು, ಯಾವ ಊರಿನವರು, ಧ್ವನಿಮುದ್ರಣಕ್ಕೆ ಎಲ್ಲಿಗೆ ಹೋಗಿದ್ದರು ಎಂದು ಬರೆದುಕೊಳ್ಳಿ. ಅವರ ಮಾತನ್ನು ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ, ಮೇಳದ ಬೇರೆಯವರು ಇದ್ದರೆ ಅವರ ಬಳಿಯೂ ತಾಳೆ ನೋಡಿ. ಕಾರ್ಡಿನ ಬೆನ್ನಿನ ಮೇಲೆ ಅಕ್ಷರ ಮತ್ತು ಅಂಕಿ ಸೇರಿದ ಒಂದು ಸಂಖ್ಯೆ ಇರುತ್ತದೆ. ಕಂಪನಿಯವರು ತಮ್ಮ ಕಡತದಲ್ಲಿ ಹುಡುಕುವುದು ಅದರಿಂದಲೇ, ಆದ್ದರಿಂದ ಪತ್ರದಲ್ಲಿ ಅದನ್ನು ಮರೆಯಬೇಡಿ. ಯೂಟ್ಯೂಬಿನ ವಿಡಿಯೊ ಎಷ್ಟೇ ಹಳೆಯದಾಗಲಿ, ಅದರ ಕೆಳಗಿನ ವಿವರಣೆಯನ್ನು ಹಾಕಿದವರು ಯಾವಾಗ ಬೇಕಾದರೂ ತಿದ್ದಬಹುದು. ಖರ್ಚಿಲ್ಲದ ಕೆಲಸವಾದ್ದರಿಂದ ಒಪ್ಪುವ ಸಂಭವ ಹೆಚ್ಚು. ಅವರು ಒಪ್ಪಲಿ ಬಿಡಲಿ, ಹೆಸರುಗಳ ಪಟ್ಟಿಯನ್ನು ಚಿಕ್ಕದಾಗಿ ಅಚ್ಚು ಹಾಕಿಸಿ, ಮಡಚಿ, ನಿಮ್ಮ ಕ್ಯಾಸೆಟ್ ಡಬ್ಬಿಯೊಳಗೆ ಇಡಿ. ಇನ್ನೊಂದು ಪ್ರತಿಯನ್ನು ಧ್ವನಿಯ ಜೊತೆಗೆ ಶಿಗ್ಗಾವಿ ತಾಲ್ಲೂಕು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೆ ಕಳಿಸಿ.

ಪ್ರಶ್ನೆ: ನಮ್ಮ ಭಾವಗೀತೆ ತಂಡದ ಆರು ಹಾಡುಗಳನ್ನು ಆನ್‌ಲೈನಿನಲ್ಲಿ ಬಿಡುಗಡೆ ಮಾಡುತ್ತಿದ್ದೇವೆ. ಜೊತೆಗೆ ಸ್ನೇಹಿತರಿಗೆ ಹಂಚಲು ಸ್ವಲ್ಪ ಸಿಡಿ. ಮುಖಪುಟಕ್ಕೆ ಬೇಲೂರಿನ ದರ್ಪಣ ಸುಂದರಿಯ ಚಿತ್ರವನ್ನು ಇಂಟರ್ನೆಟ್ಟಿನಿಂದ ತೆಗೆದುಕೊಂಡಿದ್ದೇವೆ. ಶಿಲ್ಪ ಒಂಬೈನೂರು ವರ್ಷ ಹಳೆಯದು, ತಕರಾರು ಬರುವುದಿಲ್ಲ ತಾನೆ?
(ಓದುಗರು, ಹಾಸನ)

ಉತ್ತರ: ಶಿಲ್ಪ ಹಳೆಯದು, ಫೋಟೊ ಹೊಸದು. ಶಿಲ್ಪಕ್ಕೆ ಕೃತಿಸ್ವಾಮ್ಯವಿಲ್ಲ. ಬೆಳಕು ನೋಡಿ, ಕೋನ ನೋಡಿ ಅದನ್ನು ಸೆರೆಹಿಡಿದವರಿಗೆ ಇದೆ, ಅದೂ ಅವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಇಂಟರ್ನೆಟ್ಟಿನಲ್ಲಿ ಸಿಕ್ಕಿತು ಎಂಬುದು ಅನುಮತಿ ಅಲ್ಲ. ಹಾಸನದಿಂದ ಬೇಲೂರು ನಲವತ್ತು ಕಿಲೋಮೀಟರ್ ಇಲ್ಲ. ಊರಿನಲ್ಲೇ ಇರುವ ಛಾಯಾಗ್ರಾಹಕರೊಬ್ಬರನ್ನು ಕರೆದುಕೊಂಡು ಹೋಗಿ, ನಿಮ್ಮದೇ ಚಿತ್ರ ತೆಗೆಸಿ. ದೇವಾಲಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸುಪರ್ದಿಯಲ್ಲಿದೆ, ಅವರ ಅನುಮತಿಯ ವಿಷಯ ಮೊದಲೇ ವಿಚಾರಿಸಿಕೊಳ್ಳಿ.

ಒಂದು ಮಾತು ಹೇಳದೆ ಇರಲಾರೆ. ದರ್ಪಣ ಸುಂದರಿ ಎಷ್ಟೊಂದು ಹೊದಿಕೆಗಳ ಮೇಲೆ ಕನ್ನಡಿ ನೋಡಿಕೊಂಡು ನಿಂತಿದ್ದಾಳೆಂದರೆ, ಅಂಗಡಿಯ ಸಾಲಿನಲ್ಲಿ ಯಾವುದು ಭಾವಗೀತೆ, ಯಾವುದು ವೀಣೆ, ಯಾವುದು ಸುಪ್ರಭಾತ ಎಂದು ಗೊತ್ತಾಗುತ್ತಿರಲಿಲ್ಲ. ನಿಮ್ಮ ಆರು ಹಾಡುಗಳಲ್ಲಿ ಮಳೆ ಇದ್ದರೆ ಮಳೆಯ ಚಿತ್ರ ಹಾಕಿ, ಆಲೂಗಡ್ಡೆ ಹೊಲ ಇದ್ದರೆ ಅದನ್ನೇ ಹಾಕಿ. ಬೇಲೂರೇ ಬೇಕೆಂದರೆ ಆ ಮದನಿಕೆಯರ ಪಾದದ ಕೆಳಗೆ ಕಣ್ಣು ಹಾಯಿಸಿ. ಕೆಲವು ವಿಗ್ರಹಗಳಡಿ ಕೆತ್ತಿದವರ ಹೆಸರಿದೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಹನ್ನೆರಡನೆಯ ಶತಮಾನದ ಶಿಲ್ಪಿಗೆ ಹೆಸರು ಹಾಕಿಕೊಳ್ಳಲು ಜಾಗವಿತ್ತು. ನಿಮ್ಮ ತಬಲಾದವರಿಗೂ ಇರಲಿ.

ಇನ್ನು ಅಳತೆ. ಆನ್‌ಲೈನಿಗೆ 3000 ಪಿಕ್ಸೆಲ್ಲಿನ ಚೌಕ ಚಿತ್ರ ಕೊಡುವುದು ರೂಢಿ. ಆದರೆ ಕೇಳುಗರು ನೋಡುವುದು ಮೊಬೈಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು. ಆ ಗಾತ್ರಕ್ಕೆ ಕಿರಿದು ಮಾಡಿ ನೋಡಿ, ಹೆಸರು ಓದಲು ಬಾರದಿದ್ದರೆ ಅಕ್ಷರ ದೊಡ್ಡದು ಮಾಡಿ. ಚಿತ್ರದ ಮೇಲೆ ಫೋನ್ ನಂಬರು, ಬೆಲೆ, ಜಾಲತಾಣದ ವಿಳಾಸ ಹಾಕಿದರೆ ಹಾಡನ್ನು ಆನ್‌ಲೈನಿಗೆ ಏರಿಸುವ ವಿತರಕರು ವಾಪಸು ಕಳಿಸುತ್ತಾರೆ.

ಸಿಡಿಯ ಪುಸ್ತಿಕೆ 12 ಸೆಂಟಿಮೀಟರ್ ಚೌಕ. ಸುತ್ತಲೂ 3 ಮಿಲಿಮೀಟರ್ ಹೆಚ್ಚುವರಿ ಬಿಟ್ಟು, ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಸಿದ್ಧ ಮಾಡಿ. ಪುಟಗಳು ನಾಲ್ಕರ ಮಗ್ಗಿಯಲ್ಲಿ ಇರಬೇಕು, ಇಲ್ಲದಿದ್ದರೆ ಪಿನ್ ಹೊಡೆಯಲಾಗದು. ಪರದೆಯ ಮೇಲೆ ಹೊಳೆಯುವ ಹಸಿರು ಆಫ್‌ಸೆಟ್ಟಿನಲ್ಲಿ ಮಂಕಾಗುತ್ತದೆ, ಪ್ರೂಫ್ ನೋಡದೆ ಒಪ್ಪಿಗೆ ಕೊಡಬೇಡಿ. ಯೂನಿಕೋಡಿನಲ್ಲಿ ಟೈಪು ಮಾಡಿದ ಕನ್ನಡ ಪ್ರೆಸ್ಸಿನ ಹಳೆಯ ಡಿಟಿಪಿ ತಂತ್ರಾಂಶಕ್ಕೆ ಹೋದಾಗ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾಗುತ್ತವೆ. ಅಕ್ಷರಗಳನ್ನು ಆಕೃತಿಗಳಾಗಿ ಬದಲಿಸಿದ ಪಿಡಿಎಫ್ ಕೊಟ್ಟರೆ ಆ ತೊಂದರೆ ಇಲ್ಲ.

ಒಳಗಿನ ಬರಹದಲ್ಲಿ ಸಾಹಿತ್ಯ, ಸಂಗೀತ, ವಾದ್ಯ ಸಂಯೋಜನೆ, ಪ್ರತಿ ವಾದ್ಯದವರ ಹೆಸರು, ಧ್ವನಿಮುದ್ರಣ ಮಾಡಿದವರು, ಸ್ಥಳ, ತಿಂಗಳು, ಮುಖಪುಟದ ಚಿತ್ರ ಯಾರದು, ಇಷ್ಟೂ ಇರಲಿ. ಧ್ವನಿಮುದ್ರಣ ಮಾಡಿದ ನಿರ್ಮಾಪಕರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ ಈ ಮೂರನ್ನು ಹಾಕುವುದು ಕಾಯ್ದೆಯ 52ಎ ಕಲಮಿನಂತೆ ಕಡ್ಡಾಯ. ವಿತರಕರ ಆನ್‌ಲೈನ್ ಅರ್ಜಿಯಲ್ಲೂ ಇವೇ ಹೆಸರುಗಳನ್ನು ಅದೇ ಕಾಗುಣಿತದಲ್ಲಿ ತುಂಬಿ. ಕವಿತೆಗಳ ಅನುಮತಿ ಪಡೆದಿದ್ದೀರಾ ಎಂದು ನೀವು ಬರೆದಿಲ್ಲ. ಶಿಶುನಾಳ ಶರೀಫರದಾದರೆ ಚಿಂತೆಯಿಲ್ಲ. ಕುವೆಂಪು ಅವರು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ ಅವರ ಸಾಹಿತ್ಯದ ಹಕ್ಕು 2054ರ ಕೊನೆಯವರೆಗೆ ಇರುತ್ತದೆ.

ಪ್ರಶ್ನೆ: ತೋಟದ ಮನೆಯಲ್ಲಿ ತಾತನವರ ಕಾಲದ ರೆಕಾರ್ಡುಗಳಿವೆ, ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯವೂ ಎಲ್‌ಪಿಗಳೂ. ಈ ಮಳೆಗಾಲದಲ್ಲಿ ಹೊದಿಕೆಗಳಿಗೆ ಬೂಷ್ಟು ಹಿಡಿದಿದೆ. ರೆಕಾರ್ಡು ಇಟ್ಟುಕೊಂಡು ಕವರು ಎಸೆಯೋಣ ಎನ್ನುತ್ತಾನೆ ಮಗ.
(ಓದುಗರು, ಮೂಡಿಗೆರೆ)

ಉತ್ತರ: ಎಸೆಯಬೇಡಿ. 78ರ ಹಾಳೆ ಕವರುಗಳನ್ನು ಅಂತೂ ಬೇಡವೇ ಬೇಡ. 1938ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ಸೇರಿದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ತರುಣ ಚಿತ್ರವಿರುವ ಹೊದಿಕೆಯ ಪರಿಪಾಠ ಹಾಕುವವರೆಗೆ ರೆಕಾರ್ಡುಗಳು ಸಾದಾ ಕಾಗದದ ಲಕೋಟೆಯಲ್ಲೇ ಬರುತ್ತಿದ್ದವು, ನಡುವಿನ ತೂತಿನಲ್ಲಿ ಲೇಬಲ್ ಕಾಣುವಂತೆ. ನಮ್ಮಲ್ಲಿ ಆ ಲಕೋಟೆಗಳ ಮೇಲೆ ಮಾರಿದ ಅಂಗಡಿಯ ಹೆಸರೋ ರಬ್ಬರ್ ಮೊಹರೋ ಇರುವುದುಂಟು. ನಿಮ್ಮ ತಾತನವರು ಸಂಗೀತವನ್ನು ಎಲ್ಲಿಂದ ತರಿಸುತ್ತಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಇರಲಿಕ್ಕಿಲ್ಲ.

ಗಾಳಿಯ ತೇವ ನೂರಕ್ಕೆ ಅರವತ್ತೈದು ಎಪ್ಪತ್ತು ದಾಟಿದರೆ ಬೂಷ್ಟು ಏಳುತ್ತದೆ, ಮೂಡಿಗೆರೆಯ ಆಷಾಢದಲ್ಲಿ ಅದು ದಾಟದ ದಿನವೇ ಕಡಿಮೆ. ಒದ್ದೆ ಬೂಷ್ಟನ್ನು ಒರೆಸಿದರೆ ಕಾಗದದೊಳಕ್ಕೆ ಇಳಿಯುತ್ತದೆ. ಮೊದಲು ಗಾಳಿಯಾಡುವ ನೆರಳಿನಲ್ಲಿ ಒಣಗಲು ಬಿಡಿ, ಬಿಸಿಲಿಗೆ ಹಾಕಬೇಡಿ, ರಟ್ಟು ಸೊಟ್ಟಗಾಗಿ ಬಣ್ಣ ಹಾರುತ್ತದೆ. ಬೂಷ್ಟು ಒಣಗಿ ಪುಡಿಯಾದ ಮೇಲೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಷ್ಷಿನಿಂದ ಗುಡಿಸಿ. ಹರಿದ ಅಂಚಿಗೆ ಸೆಲ್ಲೊಟೇಪ್ ಬೇಡ, ಅಂಟು ಕೆಲವು ವರ್ಷಗಳಲ್ಲಿ ಕಂದು ಕಲೆಯಾಗಿ ಉಳಿಯುತ್ತದೆ. ಲ್ಯಾಮಿನೇಷನ್ ಮಾಡಿಸಲೇಬೇಡಿ. ಮೇಲು ಹೊದಿಕೆಗೆ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ಚೀಲ ಆಗಬಹುದು, ಪಿವಿಸಿ ಆಗದು.

ಎಲ್‌ಪಿಯನ್ನು ಲೇಬಲ್ ನೆನೆಯದಂತೆ ಡಿಸ್ಟಿಲ್ಡ್ ವಾಟರಿನಲ್ಲಿ ಒರೆಸಬಹುದು. 78ರ ರೆಕಾರ್ಡಿಗೆ ಮಾತ್ರ ಸ್ಪಿರಿಟ್ ತಾಗಿಸಬೇಡಿ. ಅವು ಅರಗಿನಿಂದ ಮಾಡಿದವು, ಸ್ಪಿರಿಟ್ಟಿಗೆ ಕರಗುತ್ತವೆ. ನುಸಿಗುಳಿಗೆಯೂ ಬೇಡ. ಪಶ್ಚಿಮದ ಗೋಡೆಗೆ ಮಳೆ ಬಡಿಯುತ್ತದಲ್ಲ, ಕಪಾಟನ್ನು ಆ ಗೋಡೆಯಿಂದ ದೂರ ಇಟ್ಟು, ರೆಕಾರ್ಡುಗಳನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡಿ. ಬಣ್ಣ ತಿರುಗಿದಾಗ ಅವನ್ನು ಬಿಸಿ ಮಾಡಿ ಮತ್ತೆ ಬಳಸಬಹುದು. ಮಗನಿಗೆ ಒಂದು ಕೆಲಸ ಕೊಡಿ: ಪ್ರತಿ ಹೊದಿಕೆಯ ಎರಡೂ ಬದಿ, ಪ್ರತಿ ಲೇಬಲ್ಲಿನ ಎರಡೂ ಬದಿ ಫೋಟೊ ತೆಗೆಯಲಿ. ಅಷ್ಟು ಮಾಡಿದ ಮೇಲೆ ಎಸೆಯುವ ಮಾತು ಅವನೇ ಬಿಡುತ್ತಾನೆ.

ಪ್ರಶ್ನೆ: ತಂದೆಯವರ ಕರ್ನಾಟಕ ಸಂಗೀತದ ಎಲ್‌ಪಿಗಳಲ್ಲಿ ಎಷ್ಟೋ ಹೊದಿಕೆಗಳ ಮೇಲೆ ವರ್ಷವೇ ಇಲ್ಲ. ಯಾವ ಕಾಲದ್ದೆಂದು ತಿಳಿಯುವುದು ಹೇಗೆ? ಹಿಂಬದಿಯಲ್ಲಿ ಅಷ್ಟುದ್ದ ಇಂಗ್ಲಿಷ್ ಲೇಖನ ಏಕೆ?
(ಓದುಗರು, ಅರಕಲಗೂಡು)

ಉತ್ತರ: ಸಂಗೀತಗಾರರ ಊರಾದ ರುದ್ರಪಟ್ಟಣ ಇರುವ ತಾಲ್ಲೂಕಿನಿಂದ ಈ ಪ್ರಶ್ನೆ ಬಂದದ್ದು ಸಂತೋಷ. ನಾನು ಮೇಲೆ ಹೇಳಿದ 52ಎ ಕಲಮು ಸೇರಿದ್ದು 1984ರಲ್ಲಿ. ಅದಕ್ಕೆ ಮುಂಚೆ ವರ್ಷ ಹಾಕುವುದು ಕಂಪನಿಯ ಇಷ್ಟ. ಆದರೂ ಹೊದಿಕೆ ಬಾಯಿ ಬಿಡುತ್ತದೆ. ಕೆಳಗಿನ ವಿಳಾಸ ನೋಡಿ. ಪಿನ್ ಕೋಡ್ ಇದ್ದರೆ ಆ ಹೊದಿಕೆ 1972ರ ಆಗಸ್ಟಿನ ನಂತರ ಅಚ್ಚಾದದ್ದು, ಏಕೆಂದರೆ ಪಿನ್ ಕೋಡ್ ಬಂದದ್ದೇ ಆಗ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರಿಗೆ ಹಿಂದಿನದು ಎಂದು ಊಹಿಸಬಹುದು. ಎಚ್‌ಎಂವಿ ಕಂಪನಿಯ ರೆಕಾರ್ಡಿನ ಸಂಖ್ಯೆ ಇಸಿಎಲ್‌ಪಿ ಎಂದು ಶುರುವಾದರೆ ಮೊನೊ, ಇಸಿಎಸ್‌ಡಿ ಎಂದಾದರೆ ಸ್ಟೀರಿಯೊ; ಮೊನೊ ಸಾಮಾನ್ಯವಾಗಿ ಹೆಚ್ಚು ಹಳೆಯದು. ಕಲಾವಿದರ ಬಿರುದುಗಳೂ ಸುಳಿವು ಕೊಡುತ್ತವೆ: ರುದ್ರಪಟ್ಟಣದವರೇ ಆದ ಗಾಯಕ ಆರ್.ಕೆ. ಶ್ರೀಕಂಠನ್ ಅವರ ಹೆಸರಿನ ಜೊತೆ ಸಿಡಿಯ ಮೇಲೆ ಪದ್ಮಭೂಷಣ ಎಂದಿದ್ದರೆ ಅದು 2011ಕ್ಕಿಂತ ಮುಂಚಿನ ಮುದ್ರಣವಲ್ಲ. ಇಷ್ಟಾದರೂ ಹೊದಿಕೆ ಹೇಳುವುದು ಆ ಮುದ್ರಣದ ಕಾಲವನ್ನು, ಹಾಡಿದ ಕಾಲವನ್ನಲ್ಲ. ಹಳೆಯ ಕಚೇರಿ ಎಷ್ಟೋ ವರ್ಷಗಳ ಮೇಲೆ ಹೊಸ ಹೊದಿಕೆಯಲ್ಲಿ ಬರುವುದುಂಟು.

ಇಂಗ್ಲಿಷ್ ಲೇಖನಗಳು ಪರದೇಶದ ಕೇಳುಗರನ್ನೂ ದೊಡ್ಡ ನಗರಗಳ ಗಿರಾಕಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡವು. 1955ರಲ್ಲಿ ಅಮೆರಿಕದಲ್ಲಿ ಬಂದ ಸರೋದ್ ವಾದಕ ಅಲಿ ಅಕ್ಬರ್ ಖಾನರ ಎಲ್‌ಪಿಯಲ್ಲಿ ಪಿಟೀಲುವಾದಕ ಯೆಹೂದಿ ಮೆನುಹಿನ್ ಖುದ್ದು ಮಾತನಾಡಿ ರಾಗದ ಪರಿಚಯ ಮಾಡಿಕೊಟ್ಟರು, ಹೊಸಬರಿಗೆ ಅಷ್ಟು ವಿವರಣೆ ಬೇಕಿತ್ತು. ಅಲ್ಲಿ ಇಂಥ ಬರಹಕ್ಕೆಂದೇ 1964ರಿಂದ ಗ್ರ್ಯಾಮಿ ಪ್ರಶಸ್ತಿ ಇದೆ. ನಮ್ಮ ಹೊದಿಕೆಗಳ ಹೊಗಳಿಕೆಯ ಪ್ಯಾರಾಗಳನ್ನು ದಾಟಿ ಮುಂದೆ ಹೋಗಿ. ರಾಗ, ತಾಳ, ವಾಗ್ಗೇಯಕಾರ, ಪಿಟೀಲು, ಮೃದಂಗ, ಎಲ್ಲಕ್ಕಿಂತ ಕೊನೆಗೆ ತಂಬೂರಿಯವರ ಹೆಸರು. ಅದು ಇದ್ದರೆ ಆ ಹೊದಿಕೆ ಬರೆದವರು ಪ್ರಾಮಾಣಿಕರು ಎಂದು ನಾನು ನಂಬುತ್ತೇನೆ.

ಪ್ರಶ್ನೆ: ಹೋಂಸ್ಟೇ ಗೋಡೆಗೆ ಹಳೆಯ ಎಲ್‌ಪಿ ಕವರುಗಳನ್ನು ಫ್ರೇಮ್ ಹಾಕಿಸಿ ತೂಗುಹಾಕಬೇಕೆಂದಿದ್ದೇನೆ. ಸರಿಯೇ?
(ಓದುಗರು, ಚಿಕ್ಕಮಗಳೂರು)

ಉತ್ತರ: ರೆಕಾರ್ಡು ಒಡೆದೋ ಸವೆದೋ ಹೋದ ಕವರುಗಳನ್ನು ಮಾತ್ರ ಹಾಕಿ. ಅಂಟು ಹಚ್ಚಬೇಡಿ, ಪಿನ್ ಚುಚ್ಚಬೇಡಿ, ಗಾಜು ಕವರಿಗೆ ತಾಗದಂತೆ ನಡುವೆ ರಟ್ಟಿನ ಚೌಕಟ್ಟು ಹಾಕಿಸಿ. ಬಿಸಿಲು ಬೀಳುವ ಗೋಡೆ ಬೇಡ, ತೇವ ಜಿನುಗುವ ಗೋಡೆಯೂ ಬೇಡ. ಒಳಗಿನ ರೆಕಾರ್ಡು ಚೆನ್ನಾಗಿದ್ದು ಅದನ್ನು ಬೇರೆ ಖಾಲಿ ಕವರಿಗೆ ಹಾಕುವ ಯೋಚನೆ ಇದ್ದರೆ, ಆ ಒಂದನ್ನು ಫ್ರೇಮಿನಿಂದ ಹೊರಗಿಡಿ. ಎಷ್ಟೋ ವಾದ್ಯಗಾರರ ಹೆಸರಿರುವುದು ಹಿಂಬದಿಯಲ್ಲಿ, ನೀವು ಗೋಡೆಗೆ ಒತ್ತುವುದು ಆ ಬದಿಯನ್ನೇ.